ಹುಳು ಮನೆಯಲ್ಲಿ ತಂಗಿಯ ಮದುವೆ

ನಮ್ಮ ತಂಗಿ ಮದುವೆಯನ್ನು ಹುಳು ಮನೆಯಲ್ಲೇ ಮಾಡಿದೆವು. ಶಿಡ್ಲಘಟ್ಟ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಹೇಳುವುದಾದರೆ, ಹುಳು ಮನೆ ಅಂದರೆ ರೇಷ್ಮೆ ಹುಳು ಸಾಕುವ ಶೆಡ್ಡು. ಉದ್ದಕ್ಕಿರುತ್ತದೆ, ಎತ್ತರ ಚೆನ್ನಾಗಿರುತ್ತದೆ, ಸುತ್ತ ಕಿಟಕಿ, ಮೇಲೆ ಶೀಟು. ಒಂದು ಬೆಳೆ ಇಳಿದು ಇನ್ನೊಂದು ಬರುವ ನಡುವೆ ಖಾಲಿ ಬಿದ್ದಿರುತ್ತದೆ. ಸ್ಟ್ಯಾಂಡುಗಳನ್ನು ಬಿಚ್ಚಿ ಪಕ್ಕಕ್ಕೆ ಪೇರಿಸಿದರೆ ನೂರು ಜನ ಆರಾಮಾಗಿ ಕೂರಬಹುದು. ಅಪ್ಪ ಟೌನಿನಲ್ಲಿ ಛತ್ರದ ಬಾಡಿಗೆ ಕೇಳಿಕೊಂಡು ಬಂದು ಮಾತೇ ಆಡದೆ ಕೂತಿದ್ದಾಗ ಇದನ್ನು ಹೇಳಿದವಳು ತಂಗಿಯೇ. ಮೊದಲು ಎಲ್ಲರೂ ನಕ್ಕರು. ಆಮೇಲೆ ಅಪ್ಪ ಟೇಪು ಹಿಡಿದು ಅಳತೆ ತೆಗೆಯಲು ಹೋದರು.

ಜಾಗ ನಮ್ಮದೇ ಆದರೂ ದಿನ ನಮ್ಮ ಕೈಯಲ್ಲಿ ಇರಲಿಲ್ಲ. ಪುರೋಹಿತರು ಧನುರ್ಮಾಸ ಕಳೆದ ಮೇಲೆ ಮಾಘದಲ್ಲಿ ಮೂರು ಮುಹೂರ್ತ ಬರೆದುಕೊಟ್ಟರು. ಅಪ್ಪ ಅದನ್ನು ಪಕ್ಕಕ್ಕಿಟ್ಟುಕೊಂಡು ಬೆಳೆಯ ಲೆಕ್ಕ ಹಾಕಿದರು. ಹುಳು ಹುಟ್ಟಿ ಹಣ್ಣಾಗುವವರೆಗೆ, ಅಂದರೆ ಗೂಡು ಕಟ್ಟಲು ತಯಾರಾಗುವವರೆಗೆ, ಸುಮಾರು 25 ದಿನ, ಅದರಲ್ಲಿ ನಾಲ್ಕು ಜ್ವರ (ಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ, ಆಗ ಸೊಪ್ಪು ಮುಟ್ಟುವುದಿಲ್ಲ). ನಾವು ಎರಡನೇ ಜ್ವರ ಎದ್ದ ಹುಳುವನ್ನು ಚಾಕಿ ಕೇಂದ್ರದಿಂದ (ಮರಿ ಹುಳು ಸಾಕಿ ಕೊಡುವ ಕಡೆ) ತರುವವರು, ಹಾಗಾಗಿ ಮನೆಯಲ್ಲಿ ಅಷ್ಟು ದಿನ ಇರುವುದಿಲ್ಲ. ಆದರೂ ಗೂಡು ಕಟ್ಟಿ, ಬಿಡಿಸಿ, ಮಾರುಕಟ್ಟೆಗೆ ಹಾಕಿ, ಶೆಡ್ಡು ತೊಳೆದು ಔಷಧಿ ಹೊಡೆದು, ಆ ವಾಸನೆ ಹೋಗುವವರೆಗೆ ಕಿಟಕಿ ತೆಗೆದಿಡಬೇಕು. ಚಳಿಯಲ್ಲಿ ಹುಳು ನಿಧಾನ ಬೇರೆ. ಮೂರರಲ್ಲಿ ಕೊನೆಯ ಮುಹೂರ್ತ ಮಾತ್ರ ಹೊಂದಿತು. ಬೀಗರಿಗೆ ಫೋನ್ ಮಾಡಿ 'ಹುಳು ಇಳಿಯೋ ಲೆಕ್ಕ ನೋಡಿ ಈ ದಿನ ಇಟ್ಟಿದ್ದೀವಿ' ಅಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಮ್ಮಲ್ಲಿ ಕಾಯಿ ಕೀಳೋದು ನೋಡ್ತೀವಿ, ನಿಮ್ದು ಹುಳ, ಆಯ್ತು ಬಿಡಿ' ಅಂದರು. ತಿಪಟೂರು ಕಡೆಯವರು, ತೆಂಗಿನ ತೋಟದವರು.

ಚಿಕ್ಕ ಮದುವೆ ಅಂದ ಕೂಡಲೇ ಜನ ಅಲಂಕಾರದ ಫೋಟೋ ತೋರಿಸಲು ಶುರು ಮಾಡುತ್ತಾರೆ. ಕಷ್ಟ ಇರುವುದು ಕರೆಯುವವರ ಪಟ್ಟಿಯಲ್ಲಿ. ನಮ್ಮ ಕಡೆ ಮದುವೆಗೆ ಸಾವಿರ ಜನ ಸೇರುವುದು ದೊಡ್ಡ ಮಾತಲ್ಲ. ಅಮ್ಮ ನನ್ನ ಮದುವೆಯ ಮುಯ್ಯಿ ಪುಸ್ತಕ ತೆಗೆದು ಮುಂದೆ ಇಟ್ಟರು. ಯಾರು ಎಷ್ಟು ಹಾಕಿದರು, ಅದರಲ್ಲಿ ಯಾರ ಮನೆಗೆ ನಾವು ತಿರುಗಿ ಹಾಕಿದೆವು, ಯಾರದ್ದು ಬಾಕಿ, ಎಲ್ಲ ಬರೆದಿದೆ. 'ಅವರ ಮನೇಲಿ ಉಂಡು ಬಂದಿದ್ದೀವಿ. ಈಗ ಕರೀದೆ ಇದ್ರೆ ಊರಲ್ಲಿ ಮುಖ ಎತ್ಕೊಂಡು ಓಡಾಡೋದು ಹೇಗಮ್ಮ?' ಅಂದರು. ಅವರು ಹೇಳಿದ್ದು ಸರಿಯೇ. ಮುಯ್ಯಿ ಅಂದರೆ ಸಾಲ ಇದ್ದಂಗೆ, ತೀರಿಸುವ ಅವಕಾಶ ಕೊಡದೆ ಇರುವುದೂ ಒಂದು ಅವಮಾನ.

ಕೊನೆಗೆ ಮದುವೆಯನ್ನೇ ಮೂರು ಪಾಲು ಮಾಡಿದೆವು. ಚಪ್ಪರದ ದಿನ ಊರಿನವರಿಗೆಲ್ಲ ಬಾಗಿಲು ತೆರೆದದ್ದು. ಅರಿಶಿನ ಹಚ್ಚುವುದು, ಸೋಬಾನೆ, ತಿಂಡಿ, ತಾಂಬೂಲ. ಧಾರೆಯ ದಿನ ಎರಡೂ ಕಡೆ ಸೇರಿ 120 ಜನ, ಅವತ್ತು ಮುಯ್ಯಿ ಇಲ್ಲ. ಆಮೇಲೆ ಬೀಗರ ಊಟಕ್ಕೆ ಮುಯ್ಯಿ ಪುಸ್ತಕದವರು. ಬೀಗರ ಊಟದಲ್ಲಿ ಮಟನ್ ಇರುತ್ತದಲ್ಲ, ಧಾರೆಗೆ ಕರೆದಿಲ್ಲ ಅಂತ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಕೆಲವರಂತೂ ಇದೇ ವಾಸಿ ಅಂದರು. ಆ 120ರಲ್ಲಿ ಯಾರು ಅನ್ನುವುದಕ್ಕೆ ತಂಗಿ ಒಂದು ಕಟ್ಟಳೆ ಇಟ್ಟಳು. ಹೆಸರು ಹೇಳಿದ ತಕ್ಷಣ ಅವಳಿಗೆ ಮುಖ ನೆನಪಾಗಬೇಕು. 'ಅದೇ, ಚಿಂತಾಮಣಿ ಅತ್ತೆಯ ಓರಗಿತ್ತಿ ಮಗ...' ಅಂತ ವಿವರಿಸಬೇಕಾಗಿ ಬಂದರೆ ಅವರು ಚಪ್ಪರದ ದಿನಕ್ಕೆ. ಈ ಒಂದು ಮಾತು ಬಹಳ ಜಗಳ ಉಳಿಸಿತು.

ಚಿಕ್ಕಪ್ಪ ಇನ್ನೊಂದು ದಾರಿ ಹೇಳಿದರು. ಇಷ್ಟು ಸರಳ ಅಂತ ಹೊರಟ ಮೇಲೆ ಮಂತ್ರಮಾಂಗಲ್ಯವನ್ನೇ ಮಾಡಬಹುದಲ್ಲ, ಕುವೆಂಪು 1966ರಲ್ಲಿ ಮಗ ತೇಜಸ್ವಿಯ ಮದುವೆ ಹಾಗೆ ಮಾಡಿದ್ದರಲ್ಲ ಅಂತ. ನನಗೂ ಮನಸ್ಸಿತ್ತು. ಆದರೆ ಅಜ್ಜಿಗೆ ಹಾಲುಗಂಬ, ಬಾಸಿಂಗ, ಧಾರೆ ನೀರು ಎಲ್ಲ ಬೇಕೇ ಬೇಕು. ಇರಲಿ ಬಿಡಿ ಅಂದೆವು. ಖರ್ಚು ಏರುವುದು ಜನರಿಂದ. ಹಾಲುಗಂಬಕ್ಕೆ ಬೇಕಾದ್ದು ಒಂದು ಕೊಂಬೆ.

ಈಗ ಕೈಕೆಲಸಕ್ಕೆ ಬರುತ್ತೇನೆ. ನಾನು ಹೊಲಿಗೆ ಗೊತ್ತಿರುವವಳು, ಬ್ಲೌಸು ಹೊಲಿದು ನಾಲ್ಕು ಕಾಸು ಮಾಡುವವಳು, ಹಾಗಾಗಿ ಎಲ್ಲವನ್ನೂ ಕೈಯಲ್ಲೇ ಮಾಡಿಬಿಡೋಣ ಅನ್ನುವ ಆಸೆ ಎಷ್ಟು ಸುಲಭವಾಗಿ ಹುಟ್ಟುತ್ತದೆ ಅಂತ ಗೊತ್ತು. ಅದಕ್ಕೇ ಮೊದಲೇ ಮಾತಾಡಿಕೊಂಡೆವು. ಜನ ಕೈಯಲ್ಲಿ ಹಿಡಿಯುವುದು, ಮೈ ಮೇಲೆ ಹಾಕಿಕೊಳ್ಳುವುದು, ಬಾಯಿಗೆ ಇಟ್ಟುಕೊಳ್ಳುವುದು ಮಾತ್ರ ನಮ್ಮ ಕೈಯದ್ದು. ದೂರದಿಂದ ನೋಡುವುದಕ್ಕೆಲ್ಲ ಮನೆಯಲ್ಲಿ ಬಿದ್ದಿರುವುದನ್ನೇ ಬಳಸುವುದು. ಬಾಸಿಂಗವನ್ನು ಅಂಗಡಿಯಿಂದ ತಂದೆವು, ಅದನ್ನು ಮಾಡಲು ಬೇರೆ ಕೈಯೇ ಬೇಕು.

ಪತ್ರಿಕೆಯನ್ನು ಅಪ್ಪನ ಕೈಯಲ್ಲಿ ಬರೆಸಿದೆವು. ಅಪ್ಪನ ಅಕ್ಷರ ದುಂಡಗೆ, ಊರಿನ ಅರ್ಜಿಗಳನ್ನೆಲ್ಲ ಅವರೇ ಬರೆಯುತ್ತಿದ್ದವರು. ಒಂದು ಹಾಳೆಯಲ್ಲಿ ಬರೆಸಿ ದಪ್ಪ ಕೆನೆ ಬಣ್ಣದ ಕಾಗದಕ್ಕೆ ಜೆರಾಕ್ಸ್ ಮಾಡಿಸಿದೆವು. ಅಂಚಿಗೆ ಬೆಂಡೆಕಾಯಿ ಅಚ್ಚು. ಮಕ್ಕಳು ಶಾಲೆಯಲ್ಲಿ ಮಾಡುತ್ತಾರಲ್ಲ, ಬೆಂಡೆಕಾಯಿ ಅಡ್ಡ ಕೊಯ್ದು ಬಣ್ಣದಲ್ಲಿ ಅದ್ದಿ ಒತ್ತುವುದು, ಅದೇ. ಐದು ಎಸಳಿನ ಹೂ ಬರುತ್ತದೆ. ಬಲಿತ ಬೆಂಡೆಕಾಯಿ ಒಳ್ಳೆಯದು, ಎಳೆಯದು ಲೋಳೆ ಬಿಟ್ಟು ಬಣ್ಣ ಕಲಸಿಹೋಗುತ್ತದೆ. ಅಕ್ಕನ ಮಕ್ಕಳಿಬ್ಬರು ಮಧ್ಯಾಹ್ನವೆಲ್ಲ ಒತ್ತಿದರು, ಕೆಲವು ವಕ್ರವಾಗಿವೆ, ಹಾಗೇ ಹಂಚಿದೆವು. ಒಂದು ಮಾತು ನೆನಪಿಡಿ. ಮದುವೆ ನೋಂದಣಿಗೆ ಪತ್ರಿಕೆಯನ್ನೂ ಕೇಳುತ್ತಾರೆ. ಆದ್ದರಿಂದ ಎಷ್ಟೇ ಚಂದ ಮಾಡಿ, ಎರಡೂ ಕಡೆಯ ಪೂರ್ತಿ ಹೆಸರು, ತಂದೆ ತಾಯಿ ಹೆಸರು, ತಾರೀಖು, ಜಾಗ ಸ್ಪಷ್ಟವಾಗಿ ಇರಲಿ. ಅರ್ಜಿಯನ್ನು 2024ರಿಂದ ನೋಂದಣಿ ಇಲಾಖೆಯ ಕಾವೇರಿ 2.0 ವೆಬ್‌ಸೈಟಿನಲ್ಲಿ ಮನೆಯಿಂದಲೇ ಹಾಕಬಹುದು.

ಹಾರದ ಬಗ್ಗೆ ಜಾಸ್ತಿ ಜನ ಕೇಳುತ್ತಾರೆ, ಅದನ್ನು ನಿಧಾನವಾಗಿ ಹೇಳುತ್ತೇನೆ. ಆರತಕ್ಷತೆಗೆ ಹಾಕಿದ ಹಾರ ಎರಡೂ ರೇಷ್ಮೆ ಗೂಡಿನವು. ನಮ್ಮ ಬೆಳೆಯ ಗೂಡಲ್ಲ. ನೂಲು ಬಿಚ್ಚುವ ಒಳ್ಳೆ ಗೂಡನ್ನು ಕತ್ತರಿಸಲು ಯಾವ ರೈತನಿಗೂ ಕೈ ಬರುವುದಿಲ್ಲ, ಜೊತೆಗೆ ಒಳಗೆ ಹುಳು ಇರುತ್ತದೆ, ಅದು ಕೊಳೆತರೆ ಆ ಕಡೆ ಸುಳಿಯುವ ಹಾಗಿಲ್ಲ. ಹಾರಕ್ಕೆ ಬೇಕಾದದ್ದು ಬಿತ್ತನೆ ಕೋಠಿಯ (ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸುವ ಕಡೆ) ಕಟ್ ಗೂಡು. ಅಲ್ಲಿ ಗಂಡು ಹೆಣ್ಣು ಬೇರೆ ಮಾಡಲು ಗೂಡಿನ ತುದಿ ಕೊಯ್ದು ಕೋಶವನ್ನು (ಗೂಡಿನೊಳಗೆ ಮಲಗಿರುವ ಹುಳು) ಹೊರಗೆ ತೆಗೆಯುತ್ತಾರೆ. ಕೋಶ ಮುಂದೆ ಚಿಟ್ಟೆಯಾಗಿ ಮೊಟ್ಟೆ ಇಡುತ್ತದೆ, ಖಾಲಿ ಗೂಡು ಉಳಿಯುತ್ತದೆ. ಎಳೆ ತುಂಡಾಗಿರುವುದರಿಂದ ಅದರಿಂದ ನೂಲು ತೆಗೆಯಲು ಬರುವುದಿಲ್ಲ. ಚಿಟ್ಟೆ ತಾನೇ ತೂತು ಮಾಡಿಕೊಂಡು ಬಂದ ಗೂಡೂ ಸಿಗುತ್ತದೆ, ಆದರೆ ಅದರಲ್ಲಿ ಕಂದು ಕಲೆ ಇರುತ್ತದೆ. ನಾವು ಬೈವೋಲ್ಟೀನ್ ತಳಿಯ ಬಿಳಿ ಗೂಡನ್ನು ಜಾಸ್ತಿ ತಂದೆವು, ಹಳದಿ ಗೂಡು ಸ್ವಲ್ಪ.

ಮೊದಲು ಒಳಗಿನ ಒಣ ಸಿಪ್ಪೆ ತೆಗೆಯಬೇಕು. ಊದಿನಕಡ್ಡಿಯ ಹಿಂದಿನ ಕಡ್ಡಿ ಸಾಕು, ತಿರುಗಿಸಿ ಎಳೆದರೆ ಬರುತ್ತದೆ. ಆಮೇಲೆ ಕೊಯ್ದ ಬಾಯಿಯಿಂದ ಅರ್ಧದವರೆಗೆ ಚೂಪು ಕತ್ತರಿಯಲ್ಲಿ ಐದು ಸೀಳು. ಸೀಳಿದ ಎಸಳನ್ನು ಬೆರಳಿನಿಂದ ಹೊರಗೆ ಬಾಗಿಸಿ. ಇನ್ನೂ ತಾಳ್ಮೆ ಇದ್ದರೆ ಉಗುರಿನಲ್ಲಿ ಮೇಲಿನ ಪದರ ಎಬ್ಬಿಸಿ ಬಿಡಿಸಬಹುದು, ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗೆ ಬರುತ್ತದೆ, ಬೆಳಕು ಆರಪಾರು ಕಾಣುತ್ತದೆ. ಬಣ್ಣಕ್ಕೆ ಅರಿಶಿನ. ನೀರು ಉಗುರು ಬೆಚ್ಚಗೆ ಮಾತ್ರ ಇರಬೇಕು. ಗೂಡು ಗಟ್ಟಿಯಾಗಿ ನಿಂತಿರುವುದೇ ಹುಳುವಿನ ಅಂಟಿನಿಂದ, ಕುದಿಸಿದರೆ ಅದು ಕರಗಿ ಗೂಡು ಮೆತ್ತಗಾಗುತ್ತದೆ. ರೀಲರ್‌ಗಳು (ಗೂಡಿನಿಂದ ನೂಲು ತೆಗೆಯುವವರು) ಗೂಡು ಬೇಯಿಸುವುದೇ ಅದಕ್ಕೆ. ಅರಿಶಿನ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪು, ಆರತಿಗೆ ಓಕುಳಿ ಮಾಡುತ್ತೇವಲ್ಲ, ಅದೇ ಬಣ್ಣ. ನೆರಳಲ್ಲೇ ಒಣಗಿಸಿ, ಬಿಸಿಲಿಗೆ ಅರಿಶಿನದ ಬಣ್ಣ ನಿಲ್ಲುವುದಿಲ್ಲ.

ಪೋಣಿಸುವಾಗ ಗೊತ್ತಾಗುವುದು ತೂಕದ ವಿಷಯ. ಖಾಲಿ ಗೂಡು ಅರ್ಧ ಗ್ರಾಂ ಕೂಡ ತೂಗುವುದಿಲ್ಲ. ಇನ್ನೂರು ಗೂಡಿನ ಹಾರ ನೂರು ಗ್ರಾಂ ಮುಟ್ಟುವುದಿಲ್ಲ. ನೋಡಲು ಇಷ್ಟು ದಪ್ಪ, ಕೊರಳಿಗೆ ಹಾಕಿದರೆ ಎದೆ ಮೇಲೆ ಕೂರದೆ ಫ್ಯಾನಿನ ಗಾಳಿಗೆ ಅಡ್ಡಾದಿಡ್ಡಿ ಹೋಗುತ್ತದೆ. ಅದಕ್ಕೆ ನಡುನಡುವೆ ಮರದ ಮಣಿ ಸೇರಿಸಿ, ಕೆಳಗೆ ಕುಚ್ಚಿನ ಜಾಗದಲ್ಲಿ ತಾಜಾ ಚೆಂಡು ಹೂವಿನ ಒಂದು ಗೊಂಚಲು ಕಟ್ಟಿದೆವು. ಆಗ ಸರಿಯಾಗಿ ಇಳಿಬಿದ್ದಿತು.

ದೊಡ್ಡಮ್ಮ ಮಾತ್ರ ಒಪ್ಪಲಿಲ್ಲ. 'ಹುಳ ಬಿಟ್ಟ ಗೂಡು, ಶುಭ ಕಾರ್ಯದಲ್ಲಿ ಕೊರಳಿಗೆ ಹಾಕ್ತಾರಾ ಯಾರಾದ್ರೂ?' ಅಜ್ಜಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದವರು ತಲೆ ಎತ್ತದೆಯೇ ಅಂದರು: 'ರೇಷ್ಮೆ ಸೀರೆ ಉಡೋವಾಗ ಇಲ್ದಿರೋ ಮೈಲಿಗೆ ಹಾರಕ್ಕೆ ಎಲ್ಲಿಂದ ಬಂತೇ?' ಆದರೂ ದೊಡ್ಡಮ್ಮನ ಮನಸ್ಸಿಗೆ ನೋವು ಬೇಡ ಅಂತ ಧಾರೆಗೆ ಹೂವಿನ ಹಾರ, ಆರತಕ್ಷತೆಗೆ ಗೂಡಿನ ಹಾರ ಅಂತ ಮಾಡಿದೆವು. ಇಂಥ ಕಡೆ ಹಠ ಹಿಡಿಯಬಾರದು. ಧಾರೆ ಹಾರದ ಸೇವಂತಿಗೆಯನ್ನು ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಯಿಂದ ಬಿಡಿ ಹೂವಾಗಿ ತಂದು ಮನೆಯಲ್ಲೇ ಕಟ್ಟಿದ್ದು. ಮುಹೂರ್ತ ಜಾಸ್ತಿ ಇರುವ ದಿನ ಕಟ್ಟಿದ ಹಾರದ ಬೆಲೆ ಕೇಳುವುದೇ ಬೇಡ.

ಮಂಟಪದ ಹಿಂದೆ ಬಟ್ಟೆ ಪರದೆ, ಪ್ಲಾಸ್ಟಿಕ್ ಹೂ ಯಾವುದೂ ಹಾಕಲಿಲ್ಲ. ಅಟ್ಟದ ಮೇಲೆ ಹಳೆಯ ಬಿದಿರಿನ ಚಂದ್ರಂಕಿಗಳು ಇದ್ದವು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವುದು ಇದರ ಮೇಲೆ. ಆರಡಿಗೆ ನಾಲ್ಕಡಿ ಬಿದಿರು ಚಾಪೆ, ಅದರ ಮೇಲೆ ಎರಡು ಇಂಚು ಎತ್ತರದ ಬಿದಿರು ಪಟ್ಟಿ ಸುರುಳಿ ಸುರುಳಿಯಾಗಿ ಸುತ್ತಿರುತ್ತದೆ. ಈಗ ತುಂಬಾ ಜನ ಇದೇ ಕೆಲಸಕ್ಕೆ ಬರುವ ಪ್ಲಾಸ್ಟಿಕ್ ನೇತ್ರಿಕೆಗೆ ಹೋಗಿದ್ದಾರೆ, ಇವು ಧೂಳು ಹಿಡಿದು ಕೂತಿವೆ. ಇಳಿಸಿ, ಒರೆಸಿ, ಬಿಸಿಲಿಗೆ ಹಾಕಿ, ಆರನ್ನು ಸಾಲಾಗಿ ನಿಲ್ಲಿಸಿ ಕಂಬಕ್ಕೆ ಕಟ್ಟಿದೆವು. ಇದರ ಚಂದ ಏನು ಅಂದರೆ, ಆ ಸುರುಳಿಯ ಸಂದಿಯಲ್ಲಿ ಚೆಂಡು ಹೂವನ್ನು ಒತ್ತಿದರೆ ಹಾಗೇ ನಿಲ್ಲುತ್ತದೆ. ದಾರ ಬೇಡ, ಪಿನ್ನು ಬೇಡ. ನಡುವಿನಿಂದ ಶುರು ಮಾಡಿ ಹಳದಿ, ಆಮೇಲೆ ಕೇಸರಿ, ಅಂಚಿಗೆ ಮಾವಿನ ಎಲೆ. ಬೀಗರ ಕಡೆಯವರು ಇದು ಯಾವ ಡೆಕೋರೇಷನ್‌ನವರು ಅಂತ ವಿಳಾಸ ಕೇಳಿದರು.

ತಾಂಬೂಲಕ್ಕೆ ಚೀಲ ನಾನೇ ಹೊಲಿದೆ. ಅಮ್ಮನ, ಅತ್ತೆಯಂದಿರ, ದೊಡ್ಡಮ್ಮನ ಹಳೆ ಕಾಟನ್ ಸೀರೆಗಳು. ಸೆರಗು ಇರುವ ಭಾಗ ಚೀಲದ ಮುಂದಕ್ಕೆ ಬರುವ ಹಾಗೆ ಕತ್ತರಿಸಿದರೆ ಬೇರೆ ಅಲಂಕಾರ ಬೇಕಾಗುವುದಿಲ್ಲ. ಕಾಯಿಯ ಭಾರಕ್ಕೆ ಹಳೆ ಬಟ್ಟೆ ಕಿತ್ತು ಬರುತ್ತದೆ, ತಳಕ್ಕೆ ಎರಡು ಪದರ, ಹಿಡಿಗೆ ಅಡ್ಡ ಹೊಲಿಗೆ ಹಾಕಲೇಬೇಕು. ಒಳಗೆ ಎಲೆ, ಅಡಿಕೆ, ತಿಪಟೂರಿನಿಂದ ಬೀಗರು ತಂದ ಕಾಯಿ. ಊಟ ಮುಗಿಸಿ ಹೊರಟವರು ಇದು ನನ್ನ ಸೀರೆ ಅಲ್ವಾ, ಅದು ನಿನ್ನದು ಅಂತ ಬಾಗಿಲಲ್ಲೇ ಬದಲಾಯಿಸಿಕೊಳ್ಳುತ್ತಾ ನಿಂತುಬಿಟ್ಟರು. ಬಸ್ಸಿಗೆ ಹೋಗುವವರಿಗೆ ತಡವಾಯಿತು.

ಅಡುಗೆಗೆ ಒಬ್ಬ ಭಟ್ಟರು, ಇಬ್ಬರು ಸಹಾಯಕರು. ಒಬ್ಬಟ್ಟು, ಪಾಯಸ, ಕೋಸಂಬರಿ, ಪಲ್ಯ, ಇದರಲ್ಲೆಲ್ಲ ವಿಶೇಷ ಇಲ್ಲ. ಹಿತಕಿದ ಬೇಳೆ ಸಾರು ಮಾತ್ರ ನಮ್ಮ ಕೈಯದ್ದು. ಅವರೆಕಾಯಿ ಕಾಲ ಮುಗಿಯುತ್ತಾ ಬಂದಿತ್ತು, ಆದರೂ ಸೊಗಡು ಇರುವ ಕಾಯಿ ಸಿಕ್ಕಿತು. ಸುಲಿದು, ಕಾಳು ನೆನೆಸಿ, ಹಿಂದಿನ ರಾತ್ರಿ ಹೆಂಗಸರು ಗಂಡಸರು ಎನ್ನದೆ ಎಲ್ಲರೂ ಸುತ್ತ ಕೂತು ಹಿತುಕಿದೆವು. ಮದುಮಗಳೂ ಮೆಹಂದಿ ಇಲ್ಲದ ಎಡಗೈಯಲ್ಲಿ ಹಿತುಕಿದಳು. 120 ಜನಕ್ಕೆ ಹಿತಕಿದ ಬೇಳೆ ಅಂದರೆ ಏನು ಅಂತ ಮಾಡಿದವರಿಗೇ ಗೊತ್ತು. ಸಾವಿರ ಜನದ ಮದುವೆಯಲ್ಲಿ ಇದನ್ನು ಬಡಿಸುವ ಯೋಚನೆ ಕೂಡ ಬರುವುದಿಲ್ಲ.

ಹುಳು ಮನೆಯಲ್ಲಿ ಮದುವೆ ಮಾಡುವವರಿಗೆ ಒಂದು ಎಚ್ಚರಿಕೆ. ನಿಮ್ಮ ಶೆಡ್ಡು ಖಾಲಿ ಇರಬಹುದು, ಪಕ್ಕದವರದ್ದು ಇರುವುದಿಲ್ಲ. ನಮ್ಮ ಪಕ್ಕದ ಮನೆಯಲ್ಲಿ ಹುಳು ಮೂರನೇ ಜ್ವರದಲ್ಲಿತ್ತು. ಹುಳುವಿಗೆ ಹೊಗೆ, ಘಾಟು ಯಾವುದೂ ಆಗುವುದಿಲ್ಲ. ಪಟಾಕಿ ಬೇಡ ಅಂದೆವು, ಸೆಂಟು ಚಿಮುಕಿಸುವುದು ಬೇಡ ಅಂದೆವು, ಒಲೆಯನ್ನು ಗಾಳಿ ಆಚೆ ಹೋಗುವ ಕಡೆ ಹಾಕಿಸಿದೆವು. ತಿಪಟೂರಿನ ಮಕ್ಕಳು ಹುಳು ನೋಡಬೇಕು ಅಂತ ಗಲಾಟೆ ಮಾಡಿದರು. ಹೊರಗಿನ ಕಾಲು ಒಳಗೆ ಹೋದರೆ ರೋಗ ಹೋಗುತ್ತದೆ, ಆದ್ದರಿಂದ ಪಕ್ಕದ ಮನೆಯ ಅಣ್ಣ ಒಂದು ತಟ್ಟೆಯಲ್ಲಿ ನಾಲ್ಕು ಹುಳು, ಎರಡು ಸೊಪ್ಪು ಹಾಕಿಕೊಂಡು ಬಂದು ಹೊರಗೇ ತೋರಿಸಿದರು. ತೋರಿಸಿದ ಆ ಹುಳುಗಳನ್ನು ತಿರುಗಿ ಒಳಗೆ ಬಿಡಲಿಲ್ಲ.

ಮದುವೆ ಮುಗಿದ ಮೇಲೆ ಗೂಡಿನ ಹಾರ ಎಲ್ಲಿಡುವುದು ಅಂತ ಕೇಳುವವರಿಗೆ: ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಚೆಂಡು ಹೂವಿನ ಗೊಂಚಲನ್ನು ಅವತ್ತೇ ಕತ್ತರಿಸಿ ತೆಗೆಯಿರಿ. ಹಳೆ ಪಂಚೆಯ ಬಟ್ಟೆಯಲ್ಲಿ ಸುತ್ತಿ, ಒಣ ಬೇವಿನ ಎಲೆ ಹಾಕಿ, ರೇಷ್ಮೆ ಸೀರೆ ಇಡುವ ಜಾಗದಲ್ಲೇ ಇಡಿ. ಆಗಾಗ ತೆಗೆದು ನೆರಳಲ್ಲಿ ಗಾಳಿಗೆ ಹಾಕಿ, ಇಲ್ಲದಿದ್ದರೆ ಸೀರೆ ತಿನ್ನುವ ಹುಳ ಇದನ್ನೂ ತಿನ್ನುತ್ತದೆ.