ಕುಸುರೆಳ್ಳಿಗೆ ಮುಳ್ಳು ಬರುವ ಕಾಲ

ಡಿಸೆಂಬರ್ ಬಂತೆಂದರೆ ಪುಣೆಯ ಕೋಥರೂಡಿನಲ್ಲಿರುವ ನಮ್ಮ ಮನೆಯ ಬಾಲ್ಕನಿಗೆ ಬೆಳಿಗ್ಗೆ ಹತ್ತರ ಹೊತ್ತಿಗೆ ಒಳ್ಳೆ ಬಿಸಿಲು ಬರುತ್ತದೆ. ಆ ಬಿಸಿಲಿಗೆ ನಾನು ಪರಾತದಲ್ಲಿ ಉಂಡೆಗೆ ಹಾಕುವ, ತಿನ್ನುವ ಅಂಟು ಹರಡಿ ಇಡುತ್ತೇನೆ. ಇಟ್ಟ ಕೂಡಲೇ ಮೂರು ವರ್ಷದ ಮೊಮ್ಮಗ ಬಂದು ಕೂರುತ್ತಾನೆ. ಒಂದೊಂದೇ ಹರಳು ಎತ್ತಿ ಬಿಸಿಲಿಗೆ ಹಿಡಿದು ನೋಡುತ್ತಾನೆ. ಅವನ ಅಕ್ಕನಿಗೆ ಆರು ವರ್ಷ. ಹರಳಿಗೆ ಅಂಟಿದ ತೊಗಟೆ ಚೂರು ಆರಿಸುವುದು ಅವಳ ಕೆಲಸ. ಅವಳ ಕಣ್ಣು ನನ್ನ ಕಣ್ಣಿಗಿಂತ ಚುರುಕು. ನಾನು ಬಿಟ್ಟದ್ದನ್ನೂ ಹುಡುಕಿ ತೆಗೆಯುತ್ತಾಳೆ.

ನಾನು ವಿಜಯಪುರದ ಕಡೆಯವಳು. ಪುಣೆಗೆ ಬಂದು 41 ವರ್ಷ ಆಯಿತು. ಮಕ್ಕಳನ್ನು ಇಲ್ಲೇ ಬೆಳೆಸಿದೆ, ಈಗ ಮೊಮ್ಮಕ್ಕಳು. ಕ್ರಿಸ್‌ಮಸ್ ರಜೆಯಿಂದ ಸಂಕ್ರಾಂತಿವರೆಗೆ ಮಕ್ಕಳನ್ನು ಮನೆಯಲ್ಲಿ ಏನು ಮಾಡಿಸುವುದು ಎಂದು ಸೊಸೆಯ ಗೆಳತಿಯರು ಕೇಳುತ್ತಾರೆ. ನಾನು ಹೇಳುವುದು ಒಂದೇ. ಮಕ್ಕಳಿಗೆ ಅಂತ ಬೇರೆ ಕೆಲಸ ಹುಟ್ಟಿಸಬೇಡಿ. ಮನೆಯಲ್ಲಿ ಹೇಗಿದ್ದರೂ ನಡೆಯುವ ಕೆಲಸದಲ್ಲಿ ಒಂದು ತುಂಡು ಅವರಿಗೆ ಕೊಡಿ. ಸುಮ್ನೆ ಒಂದು ಹಿಟ್ಟಿನ ಮುದ್ದೆ ಕೊಟ್ಟು ಕೂರಿಸಿದರೆ ಐದೇ ನಿಮಿಷ, ಆಮೇಲೆ ಅದು ಗೋಡೆಗೆ ಮೆತ್ತಿರುತ್ತದೆ. ತಾನು ಸಿಪ್ಪೆ ತೆಗೆದ ಶೇಂಗಾ ಉಂಡೆಯಾಗಿ ಪಕ್ಕದ ಮನೆ ಕಾಕುವಿಗೆ ಹೋಗುತ್ತದೆ ಎಂದು ಗೊತ್ತಾದರೆ ಅರ್ಧ ಗಂಟೆ ಅಲುಗಾಡದೆ ಕೂರುತ್ತಾರೆ.

ಇನ್ನೊಂದು ನಿಯಮ ಬೆಂಕಿಯದು. ಹುರಿಯುವುದು, ಕರಿಯುವುದು, ಪಾಕ ಹಿಡಿಯುವುದು ಎಲ್ಲ ಮಕ್ಕಳು ಏಳುವ ಮೊದಲು ಇಲ್ಲವೇ ಮಲಗಿದ ಮೇಲೆ ಆಗಬೇಕು. ನನ್ನ ಮಗಳು ಐದು ವರ್ಷದವಳಿದ್ದಾಗ ಚಿಕ್ಕಿಯ ಪಾಕ ಅವಳ ಮುಂಗೈ ಮೇಲೆ ಬಿತ್ತು. ಬೆಲ್ಲದ ಪಾಕ ಕುದಿಯುವ ನೀರಿಗಿಂತ ಜಾಸ್ತಿ ಬಿಸಿ. ಮೇಲಾಗಿ ಅದು ಜಾರಿ ಹೋಗದೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಗಾಬರಿಯಲ್ಲಿ ನಾನು ಅರಿಶಿನ ಮೆತ್ತಿದೆ. ಅದು ತಪ್ಪು. ಸುಟ್ಟ ಜಾಗವನ್ನು ಪೂರ್ತಿ 20 ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಬೇಕು. ಐಸ್ ಬೇಡ, ಟೂತ್‌ಪೇಸ್ಟ್ ಬೇಡ. ಆಮೇಲೆ ಡಾಕ್ಟರ್ ಹತ್ತಿರ ಹೋಗಬೇಕು. ಆ ಕಲೆ ಅವಳ ಕೈ ಮೇಲೆ ಇವತ್ತಿಗೂ ಇದೆ. ಅದಕ್ಕೇ ಚಿಕ್ಕ ಮಕ್ಕಳು ಎದುರಿಗಿರುವಾಗ ನಾನು ಪಾಕದ ಹತ್ತಿರ ಹೋಗುವುದಿಲ್ಲ.

ಪಾಕವೇ ಬೇಡದ ಎಳ್ಳುಂಡೆ ಇದೆಯಲ್ಲ, ಅದರಿಂದ ಶುರು ಮಾಡಿ. ಎರಡು ಬಟ್ಟಲು ಎಳ್ಳು, ಒಂದು ಬಟ್ಟಲು ಶೇಂಗಾ, ಒಂದೂವರೆ ಬಟ್ಟಲು ತುರಿದ ಬೆಲ್ಲ, ಎರಡು ಚಮಚ ತುಪ್ಪ, ಒಂದಿಷ್ಟು ಏಲಕ್ಕಿ ಪುಡಿ. ಇಲ್ಲಿಯ ಮಾರುಕಟ್ಟೆ ಮಂಡಈಗೆ ಹೋದರೆ 'ಗಾವರಾನ ತೀಳ' ಎಂದು ಕೇಳಿ. ಪಾಲಿಶ್ ಮಾಡದ ಎಳ್ಳು ಕೊಡುತ್ತಾರೆ. ನೋಡಲು ಮಬ್ಬಾಗಿದ್ದರೂ ಪರಿಮಳ ಅದಕ್ಕೇ ಜಾಸ್ತಿ. ಬೆಲ್ಲ ತಗೊಳ್ಳುವಾಗಲೂ ಎಚ್ಚರ. ಈ ದಿನಗಳಲ್ಲಿ ಅಂಗಡಿಯಲ್ಲಿ 'ಚಿಕ್ಕಿಚಾ ಗೂಳ' ಬೇರೆ, ಸಾದಾ ಬೆಲ್ಲ ಬೇರೆ ಇರುತ್ತದೆ. ಚಿಕ್ಕಿ ಬೆಲ್ಲ ಪಾಕಕ್ಕೆ ಮಾತ್ರ. ಈ ಉಂಡೆಗೆ ಮೆತ್ತಗಿನ ಸಾದಾ ಬೆಲ್ಲವೇ ಬೇಕು.

ಎಳ್ಳನ್ನು ಎರಡು ಸಲ ಮಾಡಿ ಸಣ್ಣ ಉರಿಯಲ್ಲಿ ಹುರಿಯಿರಿ. ಚಟಪಟ ಶುರುವಾದ ಮೇಲೆ ಕೈ ನಿಲ್ಲಿಸಬಾರದು. ಒಂದು ಕಾಳು ಬೆರಳಲ್ಲಿ ತಿಕ್ಕಿದರೆ ಪುಡಿಯಾಗಬೇಕು, ಅಷ್ಟು ಸಾಕು. ಬಣ್ಣ ಬರಲಿ ಎಂದು ಕಾದರೆ ಕಹಿಯಾಗುತ್ತದೆ. ಶೇಂಗಾ ಹುರಿದು ಪೂರ್ತಿ ಆರಿಸಿ. ಈಗ ಮಕ್ಕಳನ್ನು ಕರೆಯಿರಿ. ಶೇಂಗಾವನ್ನು ಒಂದು ಬಟ್ಟೆಯ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಕೊಡಿ, ತಿಕ್ಕಲಿ. ಆಮೇಲೆ ಬಾಲ್ಕನಿಯಲ್ಲಿ ಮೊರಕ್ಕೆ ಸುರಿದು ನೀವು ಕೇರಿ, ಅವರು ಊದಲಿ. ಹೊಟ್ಟು ಹಾರುವುದನ್ನು ನೋಡಿ ಎಷ್ಟು ನಗುತ್ತಾರೆ ಅಂದರೆ, ಉಂಡೆ ಮರೆತೇ ಹೋಗುತ್ತದೆ. ಬಾಲ್ಕನಿ ಗುಡಿಸುವುದೂ ಅವರದೇ ಕೆಲಸ ಎಂದು ಮೊದಲೇ ಹೇಳಿಡಿ.

ಎಳ್ಳು, ಶೇಂಗಾ ಎರಡನ್ನೂ ಮಿಕ್ಸರ್‌ನಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಡುತ್ತದೆ. ತರಿತರಿಯಾದಾಗ ಬೆಲ್ಲ ಹಾಕಿ ಇನ್ನೊಂದು ಸುತ್ತು. ಪರಾತಕ್ಕೆ ಸುರಿದು ತುಪ್ಪ, ಏಲಕ್ಕಿ ಬೆರೆಸಿ ಕಟ್ಟಲು ಕೂರಿಸಿ. ಇದರಲ್ಲಿ ಬಿಸಿ ಇಲ್ಲ, ಅವಸರ ಇಲ್ಲ. ಉಂಡೆ ಒಡೆದರೆ ಮತ್ತೆ ಕಟ್ಟಬಹುದು. ಮೊಮ್ಮಗನ ಉಂಡೆ ನೆಲ್ಲಿಕಾಯಿಯಷ್ಟು, ಅವನ ಅಕ್ಕನದು ನಿಂಬೆಹಣ್ಣಿನಷ್ಟು. ಒಂದೇ ಅಳತೆ ಆಗಲಿ ಎಂದು ನಾನು ಯಾವತ್ತೂ ಹೇಳಿಲ್ಲ. ಮುಂಬೈಯಲ್ಲಿರುವ ನನ್ನ ತಂಗಿ ಇದನ್ನು ಡಬ್ಬಿಗೆ ತುಂಬುವ ಮೊದಲು ತಟ್ಟೆಯಲ್ಲಿ ಒಂದು ಗಂಟೆ ಗಾಳಿಗೆ ಇಡುತ್ತಾಳೆ. 

ಎಳ್ಳು, ಶೇಂಗಾ ಕೆಲವು ಮಕ್ಕಳಿಗೆ ಆಗಿಬರುವುದಿಲ್ಲ. ಮೊದಲ ಸಲ ಕೊಡುವಾಗ ಚೂರೇ ಕೊಟ್ಟು ನೋಡಿ. ಐದು ವರ್ಷದ ಒಳಗಿನವರಿಗೆ ಇಡೀ ಶೇಂಗಾ, ಗಟ್ಟಿ ಚಿಕ್ಕಿ ಬೇಡವೇ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿದ ಉಂಡೆಯನ್ನೂ ಕೂತು ತಿನ್ನಲಿ, ಓಡಾಡುತ್ತಾ ಬೇಡ.

ಇನ್ನು ನನಗೆ ತುಂಬಾ ಇಷ್ಟವಾದ ಕೆಲಸ, ಕುಸುರೆಳ್ಳು, ಅಂದರೆ ಸಕ್ಕರೆ ಹಿಡಿಸಿದ ಎಳ್ಳು. ಇಲ್ಲಿಯವರು ಹಲ್ವಾ ಎನ್ನುತ್ತಾರೆ. ತುಳಶೀಬಾಗಿನ ಪೇಟೆಯಲ್ಲಿ ಜನವರಿ ಹತ್ತಿರ ಬಂದರೆ ಹಲ್ವಾದ ಹಾರ, ಕಿರೀಟ, ಬಾಜುಬಂದು ರಾಶಿ ರಾಶಿ ಸಿಗುತ್ತವೆ. ಆದರೆ ಒಂದು ಹಿಡಿಯಾದರೂ ಮನೆಯಲ್ಲಿ ಮಾಡಿ ನೋಡಿ. ಇದು ಚಳಿಗಾಲದಲ್ಲಿ ಮಾತ್ರ ಸರಿಯಾಗಿ ಆಗುವ ತಿಂಡಿ. ಹವೆ ತಂಪಾಗಿ, ಒಣಗಿ ಇದ್ದರೆ ಸಕ್ಕರೆ ಕಾಳಿನ ಮೇಲೆ ನಿಧಾನ ಒಣಗಿ ಮುಳ್ಳು ಮುಳ್ಳಾಗಿ ನಿಲ್ಲುತ್ತದೆ. ಮಳೆಗಾಲದಲ್ಲಿ ಮಾಡಿದರೆ ಬರೀ ಜಿಗುಟು.

ಕಾಲು ಬಟ್ಟಲು ಎಳ್ಳು ಸಾಕು. ಒಂದು ಬಟ್ಟಲು ಸಕ್ಕರೆಗೆ ಅರ್ಧ ಬಟ್ಟಲು ನೀರು ಹಾಕಿ ಕುದಿಸಿ. ಒಂದು ಚಮಚ ಹಾಲು ಹಾಕಿದರೆ ಕೊಳೆ ಮೇಲೆ ಬರುತ್ತದೆ, ತೆಗೆದುಬಿಡಿ. ಎಳೆ ಬರುವ ಮೊದಲೇ ಇಳಿಸಿ, ಪಾಕ ತೆಳ್ಳಗಿರಬೇಕು. ದಪ್ಪ ತಳದ ಅಗಲ ಬಾಣಲೆಯಲ್ಲಿ ಎಳ್ಳು ಹಾಕಿ ಅತಿ ಸಣ್ಣ ಉರಿಯ ಮೇಲಿಡಿ. ಅರ್ಧ ಚಮಚ ಪಾಕ ಹಾಕಿ, ಬೆರಳ ತುದಿಯಿಂದ ಎಳ್ಳನ್ನು ಆಡಿಸುತ್ತಾ ಇರಿ. ಅದು ಪೂರ್ತಿ ಒಣಗಿದ ಮೇಲೆ ಇನ್ನರ್ಧ ಚಮಚ. ಅವ್ವ ಇದನ್ನು ಇದ್ದಿಲ ಶೆಗಡಿಯ ಮೇಲೆ ಮಾಡುತ್ತಿದ್ದಳು. ಗ್ಯಾಸಿನ ಮೇಲೆ ಬಾಣಲೆ ಬೇಗ ಕಾಯುತ್ತದೆ. ಅದಕ್ಕೆ ನಾನು ಕೆಳಗೆ ಒಂದು ಹಳೆಯ ತವೆ ಇಡುತ್ತೇನೆ. ಬೆರಳಿಗೆ ಬಿಸಿ ತಡೆಯಲಾಗದಷ್ಟು ಆದರೆ ಉರಿ ಆರಿಸಿಬಿಡಿ. ಆ ಕಾವಿಗೇ ಇನ್ನೂ ನಾಲ್ಕು ಚಮಚ ಪಾಕ ಹಿಡಿಯುತ್ತದೆ. ಪಾಕ ಒಮ್ಮೆಗೇ ಜಾಸ್ತಿ ಬಿದ್ದರೆ ಎಳ್ಳು ಗಂಟು ಕಟ್ಟುತ್ತದೆ. ಉರಿ ಜಾಸ್ತಿಯಾದರೆ ಸಕ್ಕರೆ ಕಾಳಿಗೆ ಹಿಡಿಯದೆ ಪುಡಿಯಾಗಿ ಉದುರುತ್ತದೆ.

ದಿನಕ್ಕೆ ಒಂದು ಗಂಟೆಯಂತೆ ನಾಲ್ಕು ದಿನ. ಮೊದಲ ದಿನ ಏನೂ ಕಾಣುವುದಿಲ್ಲ, ಎಳ್ಳು ಬೆಳ್ಳಗಾಗಿರುತ್ತದೆ ಅಷ್ಟೇ. ಎರಡನೇ ದಿನ ಉಬ್ಬುತ್ತದೆ. ಮೂರನೇ ದಿನ ಸಣ್ಣ ಸಣ್ಣ ಮುಳ್ಳು. ಬಾಣಲೆಯ ಕೆಲಸ ನನ್ನದು, ಮಕ್ಕಳು ಮಲಗಿದ ಮೇಲೆ. ನೋಡುವ ಕೆಲಸ ಅವರದು. ಬೆಳಿಗ್ಗೆ ಎದ್ದ ಕೂಡಲೇ ಇಬ್ಬರೂ ತಟ್ಟೆಯ ಹತ್ತಿರ ಓಡುತ್ತಾರೆ. ಹೋದ ವರ್ಷ ಮೊಮ್ಮಗಳು ದಿನಕ್ಕೆ ಒಂದು ಕಾಳು ತೆಗೆದು ಕಪ್ಪು ಕಾಗದದ ಮೇಲೆ ಸಾಲಾಗಿ ಅಂಟಿಸಿದಳು. ಎಳ್ಳು ಹೇಗೆ ಬೆಳೆಯಿತು ಎಂದು ಸೊಸೈಟಿಯಲ್ಲಿ ಎಲ್ಲರಿಗೂ ತೋರಿಸಿದಳು. ಎಲ್ಲವನ್ನೂ ಮೊಬೈಲಿನಲ್ಲಿ ಒಂದೇ ನಿಮಿಷಕ್ಕೆ ನೋಡುವ ಮಕ್ಕಳು ಒಂದು ಎಳ್ಳಿಗೆ ನಾಲ್ಕು ದಿನ ಕಾದರಲ್ಲ, ಅದು ನನಗೆ ದೊಡ್ಡ ಸಂತೋಷ.

ಬಣ್ಣ ಬೇಕಾದರೆ ಕೊನೆಯ ದಿನದ ಪಾಕಕ್ಕೆ ಕೇಸರಿ ಹಾಕಿ. ಕಿರೀಟಕ್ಕೆ ಸಾಬುದಾಣಿಯನ್ನೂ ಇದೇ ರೀತಿ ಮಾಡಿದರೆ ಕಾಳು ದೊಡ್ಡದಾಗಿ ಬರುತ್ತದೆ. ಒಡವೆ ಮಾಡುವವರು ಒಂದೊಂದು ಕಾಳಿಗೂ ದಾರ ಬಿಗಿದು ಪೋಣಿಸುತ್ತಾರೆ. ಚಿಕ್ಕ ಮಕ್ಕಳಿಂದ ಅದು ಆಗದು. ಅವರಿಗೆ ರಟ್ಟಿನ ಕಿರೀಟ ಕತ್ತರಿಸಿ ಕೊಡಿ, ಅಂಟಿನಿಂದ ಕಾಳು ಒತ್ತಲಿ. ಅಂಟು ಮನೆಯದೇ ಸಾಕು. ಎರಡು ಚಮಚ ಮೈದಾವನ್ನು ಒಂದು ಬಟ್ಟಲು ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕಾಯಿಸಿ, ಹೊಳಪು ಬಂದಾಗ ಇಳಿಸಿ ಆರಿಸಿ. ಹಿಂದೆ ಹುಳ ಹಿಡಿಯದಿರಲಿ ಎಂದು ಇದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮಕ್ಕಳ ಕೈಗೆ ಬರುವ ಅಂಟಿಗೆ ಹಾಕಲೇಬಾರದು. ಎರಡು ದಿನಕ್ಕೊಮ್ಮೆ ಹೊಸದು ಮಾಡಿಕೊಂಡರಾಯಿತು. ಅಂಟಿಸುವ ಕಾಳು ಬೇರೆ ಬಟ್ಟಲಲ್ಲಿ, ತಿನ್ನುವ ಕಾಳು ಬೇರೆ ಬಟ್ಟಲಲ್ಲಿ ಇಡಿ. ಇಲ್ಲದಿದ್ದರೆ ಕಿರೀಟವನ್ನೇ ನೆಕ್ಕುತ್ತಾರೆ!

ಇಲ್ಲಿ ಸಂಕ್ರಾಂತಿಯಿಂದ ರಥಸಪ್ತಮಿಯೊಳಗೆ ಪುಟ್ಟ ಮಕ್ಕಳಿಗೆ ಬೋರನ್ಹಾಣ ಮಾಡುತ್ತಾರೆ. ಕಪ್ಪು ಜಬಲಾ, ಅಂದರೆ ಕೂಸಿನ ಅಂಗಿ ಹಾಕಿ, ಹಲ್ವಾದ ಒಡವೆ ತೊಡಿಸಿ, ತಲೆ ಮೇಲಿಂದ ಬೋರೆಹಣ್ಣು, ಕಬ್ಬಿನ ತುಂಡು, ಚುರುಮುರಿ, ಬತ್ತಾಸು ಸುರಿಯುತ್ತಾರೆ. ನಮ್ಮ ಕಡೆಯೂ ಮಕ್ಕಳಿಗೆ ಬೋರೆಹಣ್ಣು ಎರೆಯುವ ಪದ್ಧತಿ ಇದೆ, ಅಲ್ವಾ? ತಲೆ ಮೇಲೆ ಬರೀ ಚುರುಮುರಿ, ಹೂವಿನ ಪಕಳೆ ಸುರಿಯಿರಿ. ಕಬ್ಬು, ಬೋರೆಹಣ್ಣು ಸುತ್ತ ನೆಲದ ಮೇಲೆ ಹರಡಿ, ದೊಡ್ಡ ಮಕ್ಕಳು ಆರಿಸಿಕೊಳ್ಳಲಿ. ಬೋರೆಯ ಬೀಜ ಚಿಕ್ಕವರ ಬಾಯಿಗೆ ಹೋಗದಂತೆ ಒಬ್ಬರು ನೋಡುತ್ತಿರಬೇಕು. ಆಮೇಲೆ ಮೊಮ್ಮಕ್ಕಳು ತಾವೇ ಕಟ್ಟಿದ ಉಂಡೆ ಹಿಡಿದು ಮನೆಮನೆಗೆ ಹೋಗುತ್ತಾರೆ. ಒಂದು ಮನೆಯಲ್ಲಿ 'ಎಳ್ಳು ಬೆಲ್ಲ ತಗೊಂಡು ಒಳ್ಳೆ ಮಾತಾಡಿ' ಎನ್ನುತ್ತಾರೆ. ಇನ್ನೊಂದರಲ್ಲಿ 'ತಿಳಗೂಳ ಘ್ಯಾ, ಗೋಡ ಗೋಡ ಬೋಲಾ'. ಯಾವ ಮನೆಯಲ್ಲಿ ಯಾವುದು ಎಂದು ಅವರಿಗೆ ಯಾರೂ ಕಲಿಸಿಲ್ಲ.

ಮೊದಲು ಹೇಳಿದ ಅಂಟಿಗೆ ಬರುತ್ತೇನೆ. ಅಂಟಿನ ಉಂಡೆಗೆ 100 ಗ್ರಾಂ ಅಂಟು, ಕಾಲು ಕಿಲೋ ಒಣ ಕೊಬ್ಬರಿ ತುರಿ, ಕಾಲು ಕಿಲೋ ಉತ್ತತ್ತಿ ಪುಡಿ, ಹುರಿದ ಗಸಗಸೆ ಒಂದು ಹಿಡಿ, ಕಾಲು ಕಿಲೋ ಬೆಲ್ಲದ ಪುಡಿ. ತುಪ್ಪ ಒಂದು ಬಟ್ಟಲು ಇಟ್ಟುಕೊಳ್ಳಿ. ಬಿಸಿಲಲ್ಲಿ ಒಣಗಿಸಿದ ಅಂಟು ಮಾತ್ರ ಒಳಗಿನವರೆಗೆ ಅರಳುತ್ತದೆ. ದೊಡ್ಡ ಹರಳುಗಳನ್ನು ಮೊದಲೇ ಒಡೆದುಕೊಳ್ಳಿ. ಸ್ವಲ್ಪ ಸ್ವಲ್ಪವೇ ತುಪ್ಪದಲ್ಲಿ ಕರಿಯಿರಿ. ಒಳಗೆ ಹಸಿ ಉಳಿದರೆ ಹಲ್ಲಿಗೆ ಅಂಟುತ್ತದೆ. ಆರಿದ ಮೇಲೆ ಮಕ್ಕಳ ಕೈಗೆ ಸ್ಟೀಲ್ ಬಟ್ಟಲು ಕೊಡಿ. ಅದರ ತಳದಿಂದ ಒತ್ತಿದರೆ ಅಂಟು ಕರುಂ ಕರುಂ ಎಂದು ಪುಡಿಯಾಗುತ್ತದೆ. ಆ ಸದ್ದಿಗಾಗಿಯೇ ಮೊಮ್ಮಗ ವರ್ಷವಿಡೀ ಕಾಯುತ್ತಾನೆ. ಆಮೇಲೆ ಎಲ್ಲ ಬೆರೆಸಿ, ಕರಿದು ಉಳಿದ ತುಪ್ಪ ಉಗುರು ಬೆಚ್ಚಗಿರುವಾಗ ಹಾಕಿ ಕಟ್ಟುವುದು. ಮಕ್ಕಳಿಗೆ ದಿನಕ್ಕೆ ಒಂದು ಸಣ್ಣ ಉಂಡೆ ಸಾಕು.

ನಾಗಪುರದ ಕಿತ್ತಳೆ ಬಂದಾಗ ಒಂದು ಚಿಕ್ಕ ಕೆಲಸ. ಹಣ್ಣಿನ ನಡುವೆ ಸುತ್ತಲೂ ಸಿಪ್ಪೆ ಮಾತ್ರ ಕೊಯ್ದು, ಎರಡು ಬಟ್ಟಲಂತೆ ಬಿಡಿಸಿ. ಒಂದರ ಮಧ್ಯೆ ಬಿಳಿ ನಾರು ನಿಂತಿರುತ್ತದೆ, ಅದೇ ಬತ್ತಿ. ಎಣ್ಣೆ ಹಾಕಿ ನೆನೆಸಿ ನೀವು ಹಚ್ಚಿ, ಅವರು ದೂರ ಕೂತು ನೋಡಲಿ.

ಸಂಜೆ ಬೇಗ ಕತ್ತಲಾಗುವ ದಿನಗಳಿಗೆ ಕೌದಿ ಇದೆ. ಇಲ್ಲಿಯವರ ಗೋಧಡಿ. ಮಕ್ಕಳ ಜೊತೆ ದೊಡ್ಡದಕ್ಕೆ ಕೈ ಹಾಕಬೇಡಿ, ಗೊಂಬೆ ಹೊದೆಯುವಷ್ಟು ಸಾಕು. ಮೆತ್ತಗಾದ ಹಳೆಯ ಹತ್ತಿ ಸೀರೆ ಮೂರು ಪದರ ಮಾಡಿ ನೆಲದ ಮೇಲೆ ಹಾಸಿ, ಸುಕ್ಕು ಬಿಡಿಸಿ, ಅಂಚು ಒಳಗೆ ಮಡಚಿ. ಮೇಲೆ ಯಾವ ತುಂಡು ಎಲ್ಲಿ ಎಂದು ಮಕ್ಕಳೇ ಇಡಲಿ. ಆಮೇಲೆ ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬನ್ನಿ.  ಆರು ವರ್ಷದವರಿಗೆ ಉಣ್ಣೆ ಹೊಲಿಯುವ ಮೊಂಡು ಸೂಜಿ ಕೊಟ್ಟು ಮೊದಲು ಗೋಣಿ ತುಂಡಿನ ಮೇಲೆ ಅಭ್ಯಾಸ ಮಾಡಿಸಿ. ಸೂಜಿ ಎಣಿಸಿ ಕೊಡಿ, ಎಣಿಸಿ ವಾಪಸ್ ತಗೊಳ್ಳಿ. ಮೂರು ವರ್ಷದವರಿಗೆ ಸೂಜಿ ಬೇಡ. ತುಂಡು ಜರುಗದಂತೆ ಅಂಗೈ ಊರಿ ಹಿಡಿಯುವುದೇ ಅವರ ಕೆಲಸ.

ಈ ವರ್ಷದ ಕೌದಿಯ ಮೂಲೆಯಲ್ಲಿ ಮೊಮ್ಮಗನ ಬೋರನ್ಹಾಣದ ಕಪ್ಪು ಜಬಲಾದ ತುಂಡು ಇದೆ, ಈಗ ಅದು ಅವನಿಗೆ ಚಿಕ್ಕದು. ಅದರ ಮೇಲೆ ಅಕ್ಕ ಬಿಳಿ ದಾರದಲ್ಲಿ ಹಾಕಿದ ಹೊಲಿಗೆ ಪೂರ್ತಿ ಸೊಟ್ಟ. ಮಕ್ಕಳ ಸೊಟ್ಟ ಹೊಲಿಗೆ ಬಿಚ್ಚಬೇಡಿ, ಕೌದಿಗೆ ಅದರಿಂದ ಏನೂ ಆಗುವುದಿಲ್ಲ. ಕೊನೆಯ ಗಂಟು ಮಾತ್ರ ನೀವು ಇನ್ನೊಮ್ಮೆ ಬಿಗಿಯಾಗಿ ಹಾಕಿ. ಅವರ ಗಂಟು ಮೊದಲ ಒಗೆತಕ್ಕೇ ಬಿಚ್ಚಿಕೊಳ್ಳುತ್ತದೆ.