ಜಿಪಿಯು ಇಲ್ಲದೆ ವಿಡಿಯೋ ಡಿಕೋಡಿಂಗ್: ಆರು ಸರ್ವರ್ ಕೆಲಸ ಎರಡಕ್ಕೆ ಇಳಿಸಿದ ನನ್ನ ಅನುಭವ

ಮೊನ್ನೆ ನಾಲ್ಕು ಸರ್ವರ್‌ಗಳ ಬಾಡಿಗೆ ನಿಲ್ಲಿಸಿದೆ. ಆರು ಇದ್ದವು, ಈಗ ಎರಡು. ಕೆಲಸ ಮೊದಲಿನಷ್ಟೇ ಇದೆ, ಮುಗಿಯೋದು ಸ್ವಲ್ಪ ಬೇಗವೇ. ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್, ಒಂದನ್ನೂ ಹಾಕಿಲ್ಲ. ಎಂಟು ತಿಂಗಳ ಹಿಂದೆ ಹೀಗೆ ಮಾಡಬಹುದು ಅಂದಾಗ ಜೊತೆಯವರು ಯಾರೂ ಒಪ್ಪಿರಲಿಲ್ಲ. "ವಿಡಿಯೋ ಅಂದ್ರೆ ಜಿಪಿಯು, ಸಿಪಿಯುನಲ್ಲಿ ಎಷ್ಟು ಹಿಂಡಿದರೂ ಅಷ್ಟೇ" ಅನ್ನೋದು ಎಲ್ಲರ ಮಾತು. ಈಗ ಅವರೇ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯಲು ಕೂತೆ.

ಕೆಲಸ ಇಷ್ಟು. ದೊಡ್ಡ ವಿಡಿಯೋ ಸಂಗ್ರಹದಲ್ಲಿ ಒಂದೇ ವಿಡಿಯೋ ಬೇರೆ ಬೇರೆ ಸೈಜಿನಲ್ಲಿ ಎಷ್ಟು ಸಲ ಇದೆ ಅಂತ ಹುಡುಕಬೇಕು. ಪ್ರತಿ ಫ್ರೇಮನ್ನೂ ಡಿಕೋಡ್ ಮಾಡಿ (ಕುಗ್ಗಿಸಿಟ್ಟದ್ದನ್ನು ಮತ್ತೆ ಚಿತ್ರವಾಗಿ ಬಿಡಿಸಿ), ಚಿಕ್ಕ ಬೂದು ಚಿತ್ರಕ್ಕೆ ಇಳಿಸಿ, ಅದರ ಬೆರಳಚ್ಚು, ಅಂದರೆ ಹೋಲಿಸಲು ಒಂದು ಚಿಕ್ಕ ಗುರುತು, ತೆಗೆಯೋದು. ಕೀ ಫ್ರೇಮ್ (ಬೇರೆ ಫ್ರೇಮ್‌ಗಳ ನೆರವಿಲ್ಲದೆ ಬಿಡಿಸಬಹುದಾದದ್ದು) ಮಾತ್ರ ತೆಗೆದರೆ ಸಾಲದು. ಮತ್ತೆ ಎನ್‌ಕೋಡ್ ಆದಾಗ ಕೀ ಫ್ರೇಮ್‌ಗಳ ಜಾಗವೇ ಬದಲಾಗಿರುತ್ತದೆ. ವಿಡಿಯೋ ಕುಗ್ಗಿಸಿರುವ ವಿಧಾನ ಮುಕ್ಕಾಲು ಪಾಲು ಎಚ್.264, ಉಳಿದದ್ದು ಎವಿ1. ಜಾಸ್ತಿ 720, ಸ್ವಲ್ಪ 1080. ಮೊದಲು 16 ಕೋರ್‌ನ ಒಂದು ಸರ್ವರ್ ಗಂಟೆಗೆ ಹತ್ತಿರ ಹತ್ತಿರ 90 ಗಂಟೆಯ ವಿಡಿಯೋ ಮುಗಿಸುತ್ತಿತ್ತು.

ನಾನು ಶುರು ಮಾಡಿದ್ದೇ ತಪ್ಪು ಕಡೆಯಿಂದ. ಡಿಕೋಡರ್ ನಿಧಾನ ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಡಿಕೋಡರ್‌ಗಳನ್ನೇ ಹೋಲಿಸಲು ಹೊರಟೆ. ಎವಿ1ಗೆ ಲಿಬ್‌ಎಒಎಂ, ಲಿಬ್‌ಗ್ಯಾವ್1, ಡೇವಿಡ್ ಮೂರನ್ನೂ ಸಾಲಾಗಿ ನಿಲ್ಲಿಸಿದೆ. ಡೇವಿಡ್ ಅಂದ್ರೆ ವಿಡಿಯೋಲ್ಯಾನ್‌ನವರು 2018ರಲ್ಲಿ ಹೊರತಂದದ್ದು, ಹೆಸರಿನಲ್ಲಿ 'ಐ' ಬದಲು ಅಂಕಿ 1 ಇರುವುದು. ಅದೇ ಎಲ್ಲಕ್ಕಿಂತ ವೇಗ ಅಂತ ಗೊತ್ತಿರೋ ವಿಷಯ. ಆದರೆ ನನ್ನ ಯಂತ್ರದಲ್ಲಿ ಅದೇ ಕೊನೆ. ಲಿಬ್‌ಎಒಎಂಗಿಂತ ಮೂರು ಪಟ್ಟು ನಿಧಾನ. ಎರಡು ವಾರ ಥ್ರೆಡ್ (ಒಟ್ಟಿಗೆ ಓಡುವ ಕೆಲಸದ ಎಳೆ) ಸಂಖ್ಯೆ ಬದಲಿಸಿದೆ, ಫ್ರೇಮ್ ಡಿಲೇ ಬದಲಿಸಿದೆ, ಕಂಪೈಲರ್ ಬದಲಿಸಿದೆ. ಏನೂ ಆಗಲಿಲ್ಲ.

ಕೊನೆಗೆ ಲಿನಕ್ಸ್‌ನ ಅಳತೆ ಸಾಧನ ಪರ್ಫ್‌ನ ರಿಪೋರ್ಟ್ ತೆರೆದು ಹೆಸರುಗಳನ್ನು ಒಂದೊಂದಾಗಿ ಓದಿದೆ. ಮೇಲಿನ ಹತ್ತೂ ಫಂಕ್ಷನ್‌ಗಳ ಹೆಸರಿನ ಬಾಲದಲ್ಲಿ 'ಸಿ' ಅಂತ ಇತ್ತು. ಅಂದರೆ ಮಾಮೂಲಿ ಸಿ ಭಾಷೆಯ ನಿಧಾನ ಕೋಡ್. ಅಲ್ಲಿ 'ಎವಿಎಕ್ಸ್2' ಅಂತ ಇರಬೇಕಿತ್ತು, ಅಂದರೆ ಒಂದೇ ಸಲ ಹಲವು ಬೈಟ್ ಮೇಲೆ ಕೆಲಸ ಮಾಡುವ ಅಸೆಂಬ್ಲಿ ಕೋಡ್. ಅಷ್ಟೇ ವಿಷಯ. ಕಂಟೇನರ್‌ನಲ್ಲಿ ನ್ಯಾಸ್ಮ್ (ಅಸೆಂಬ್ಲಿ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಮ್) ಇರಲಿಲ್ಲ, ಬಿಲ್ಡ್ ನಿಂತುಹೋಗಿತ್ತು. ನಾಳೆ ನೋಡೋಣ ಅಂತ ಅಸೆಂಬ್ಲಿ ಆಯ್ಕೆಯನ್ನು ನಾನೇ ಆಫ್ ಮಾಡಿದ್ದೆ. ಆ ನಾಳೆ ಬರಲೇ ಇಲ್ಲ. ನ್ಯಾಸ್ಮ್ ಹಾಕಿ ಮತ್ತೆ ಬಿಲ್ಡ್ ಮಾಡಿದ ತಕ್ಷಣ ಡೇವಿಡ್ ಐದಾರು ಪಟ್ಟು ಮೇಲೆ ಹಾರಿತು. ಎರಡು ವಾರದ ಸರ್ವರ್ ಬಾಡಿಗೆ ಮಾತ್ರ ವಾಪಸ್ ಬರಲಿಲ್ಲ. ಅಂದಿನಿಂದ ಯಾವುದೇ ಹೋಲಿಕೆಗೆ ಮೊದಲು ಆ ಬಾಲ ನೋಡುತ್ತೇನೆ. ವಿಡಿಯೋ ಕೆಲಸದ ಮುಕ್ತ ತಂತ್ರಾಂಶ ಎಫ್‌ಎಫ್‌ಎಂಪೆಗ್‌ನಲ್ಲೂ ಇದೇ ಕಥೆ. ಎಲ್ಲಿಂದಲೋ ತಂದ ಬಿಲ್ಡ್ ಸ್ಕ್ರಿಪ್ಟ್‌ನಲ್ಲಿ ಎಕ್ಸ್86 ಅಸೆಂಬ್ಲಿ ಬೇಡ ಅಂತ ಒಂದು ಸಾಲು ಸೇರಿಕೊಂಡಿರುತ್ತದೆ, ಯಾರೂ ಗಮನಿಸುವುದಿಲ್ಲ.

ಸರಿ, ಎವಿ1 ದಾರಿಗೆ ಬಂತು. ಆದರೂ ಒಟ್ಟು ವೇಗ 90ರಿಂದ 105ಕ್ಕೆ ಏರಿತು, ಅಷ್ಟೇ. ಮುಕ್ಕಾಲು ಪಾಲು ಎಚ್.264 ಅಲ್ವಾ. ಅಲ್ಲಿ ಎಫ್‌ಎಫ್‌ಎಂಪೆಗ್‌ನ ಸ್ವಂತ ಡಿಕೋಡರ್ ಚೆನ್ನಾಗಿಯೇ ಇದೆ, ಬದಲಿಸಿ ಲಾಭ ಇಲ್ಲ. ಹಾಗಾದರೆ ಸಮಯ ಹೋಗುತ್ತಿರುವುದು ಎಲ್ಲಿ?

ಇಲ್ಲಿಂದ ಪ್ರೊಫೈಲರ್‌ಗಳ, ಅಂದರೆ ಪ್ರೋಗ್ರಾಮ್ ಎಲ್ಲಿ ಸಮಯ ಕಳೆಯುತ್ತದೆ ಅಂತ ಅಳೆಯುವ ಸಾಧನಗಳ, ಸರದಿ. ಜಿಪ್ರೊಫ್ ಹಳೆಯ ಅಭ್ಯಾಸದಿಂದ ಮೊದಲು ಹಿಡಿದೆ. ನನ್ನ ಕೋಡನ್ನು ಮಾತ್ರ ಅದಕ್ಕೆ ಬೇಕಾದ ಫ್ಲಾಗ್ ಹಾಕಿ ಕಂಪೈಲ್ ಮಾಡಿದ್ದೆ. ಲೈಬ್ರರಿಗಳೆಲ್ಲ ಶೇರ್ಡ್ (ಬೇರೆ ಫೈಲಿನಲ್ಲಿರುವವು, ಅವನ್ನು ಅದು ಅಳೆಯುವುದಿಲ್ಲ), ಮೇಲೆ ಹತ್ತಾರು ಥ್ರೆಡ್. ಅದು ಕೊಟ್ಟ ಉತ್ತರದಲ್ಲಿ ಡಿಕೋಡರ್ ಇರಲೇ ಇಲ್ಲ. ಅರ್ಧ ದಿನದಲ್ಲಿ ಕೈಬಿಟ್ಟೆ.

ವ್ಯಾಲ್‌ಗ್ರೈಂಡ್ ಅನ್ನೋ ಸಾಧನದ ಪ್ರೊಫೈಲರ್ ಕಾಲ್‌ಗ್ರೈಂಡ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಅದು ನನ್ನನ್ನು ಒಂದು ತಿಂಗಳು ದಾರಿ ತಪ್ಪಿಸಿತು. ಎರಡು ನಿಮಿಷದ ಕ್ಲಿಪ್ ಹಾಕಿ ಮಲಗಿದೆ. ವ್ಯಾಲ್‌ಗ್ರೈಂಡ್ ಒಳಗೆ ಒಂದು ಹೊತ್ತಿಗೆ ಒಂದೇ ಥ್ರೆಡ್ ಓಡೋದು, ಅದೂ ಹತ್ತಾರು ಪಟ್ಟು ನಿಧಾನ. ಬೆಳಿಗ್ಗೆ ಅದರ ಫಲಿತಾಂಶ ತೋರಿಸುವ ಕೆಕ್ಯಾಷ್‌ಗ್ರೈಂಡ್‌ನಲ್ಲಿ ನೋಡಿದರೆ ಅಚ್ಚುಕಟ್ಟಾದ ಮರ, ಪ್ರತಿ ಫಂಕ್ಷನ್‌ಗೂ ನಿಖರ ಲೆಕ್ಕ. ಮೇಲೆ ಕೂತಿದ್ದು ಕ್ಯಾಬ್ಯಾಕ್, ಅಂದರೆ ಎಚ್.264ರ ಎಂಟ್ರೊಪಿ ಡಿಕೋಡಿಂಗ್ (ಕುಗ್ಗಿಸಿದ ಬಿಟ್‌ಗಳನ್ನು ಬಿಡಿಸುವ ಹಂತ). ನಂಬಿದೆ. ಅದನ್ನು ವೇಗ ಮಾಡಲು ತಿಂಗಳು ಒದ್ದಾಡಿ ಶೇಕಡಾ ಎರಡೋ ಮೂರೋ ಗಳಿಸಿದೆ.

ತಪ್ಪು ಎಲ್ಲಿತ್ತು ಅಂದ್ರೆ, ಕಾಲ್‌ಗ್ರೈಂಡ್ ಎಣಿಸೋದು ಇನ್‌ಸ್ಟ್ರಕ್ಷನ್‌ಗಳನ್ನು, ಸಮಯವನ್ನಲ್ಲ. ದೊಡ್ಡ ಬಫರ್ ನಕಲು ಮಾಡುವ ಕೋಡ್ ಒಂದು ಇನ್‌ಸ್ಟ್ರಕ್ಷನ್‌ಗೆ 32 ಬೈಟ್ ಸಾಗಿಸುತ್ತದೆ. ಲೆಕ್ಕದಲ್ಲಿ ಅದು ಚಿಕ್ಕದಾಗಿ ಕಾಣುತ್ತದೆ. ನಿಜದಲ್ಲಿ ಪ್ರೊಸೆಸರ್ ಮೆಮೊರಿಗೆ ಕಾಯುತ್ತಾ ನಿಂತಿರುತ್ತದೆ. ಆ ಕಾಯುವಿಕೆ ಅಲ್ಲಿ ಎಲ್ಲೂ ಕಾಣುವುದಿಲ್ಲ. ಕಾಲ್‌ಗ್ರೈಂಡ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಯಾರು ಯಾರನ್ನು ಎಷ್ಟು ಸಲ ಕರೆದರು ಅಂತ ತಿಳಿಯಲು ಇವತ್ತಿಗೂ ಅದೇ ಬಳಸುತ್ತೇನೆ. ಆದರೆ ಫ್ರೇಮ್ ಬಫರ್‌ಗಳ ಕೆಲಸಕ್ಕೆ ಅದರ ಮಾತು ಕೇಳಬೇಡಿ.

ಮತ್ತೆ ಪರ್ಫ್. ಬಾಡಿಗೆ ಸರ್ವರ್ ವರ್ಚುಯಲ್ ಆಗಿದ್ದರಿಂದ ಪ್ರೊಸೆಸರ್ ಒಳಗೇ ಎಣಿಸುವ ಹಾರ್ಡ್‌ವೇರ್ ಕೌಂಟರ್‌ಗಳೇ ಸಿಗಲಿಲ್ಲ. ಸೈಕಲ್ ಎಣಿಕೆ ಕೇಳಿದರೆ ಬೆಂಬಲ ಇಲ್ಲ ಅಂತ ಬಂತು. ಬರೀ ಗಡಿಯಾರದ ಸ್ಯಾಂಪಲ್. ಪೂರ್ತಿ ಯಂತ್ರವನ್ನೇ ಬಾಡಿಗೆಗೆ ತೆಗೆದುಕೊಂಡೆ, ಮಾಮೂಲಿಗಿಂತ ಮೂರು ಪಟ್ಟು ದರ. ಶುಕ್ರವಾರ ಅಳತೆ ಮುಗಿಸಿ ಆಫ್ ಮಾಡಲು ಮರೆತೆ, ಸೋಮವಾರದವರೆಗೆ ಸುಮ್ನೆ ಓಡಿತು. ಆ ತಿಂಗಳ ಬಿಲ್ ನೋಡಿದಾಗ ಹೊಟ್ಟೆ ಉರಿಯಿತು. ಜಿಪಿಯು ಪಕ್ಷದವರಿಗೆ ಅದೊಂದು ಒಳ್ಳೆ ವಾದವೂ ಆಯಿತು.

ಪರ್ಫ್‌ನಲ್ಲೂ ಮೊದಲ ದಿನ ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಅನ್ನೋ ಸರಪಳಿ) ಎಲ್ಲ ಮುರಿದು ಮುರಿದು ಬಂತು. ಆ ಸರಪಳಿ ಹಿಡಿಯಲು ನೆರವಾಗುವ ಫ್ರೇಮ್ ಪಾಯಿಂಟರ್ ರಿಜಿಸ್ಟರ್ ಇಟ್ಟು ಎಲ್ಲವನ್ನೂ ಬಿಲ್ಡ್ ಮಾಡಿದ್ದರೂ ಹಾಗೇ. ಕಾರಣ, ಕೈಯಲ್ಲಿ ಬರೆದ ಅಸೆಂಬ್ಲಿ ಆ ರಿಜಿಸ್ಟರನ್ನೇ ಬೇರೆ ಕೆಲಸಕ್ಕೆ ಬಳಸಿಕೊಳ್ಳುತ್ತದೆ. ಡೀಬಗ್ ಮಾಹಿತಿ ಬಳಸುವ ಡ್ವಾರ್ಫ್ ವಿಧಾನಕ್ಕೆ ಹೋದೆ. ಪ್ರತಿ ಸ್ಯಾಂಪಲ್‌ಗೂ 8 ಕಿಲೋಬೈಟ್ ಸ್ಟ್ಯಾಕ್ ನಕಲು. ಅರ್ಧ ನಿಮಿಷದಲ್ಲಿ ಫೈಲ್ ಹಲವು ಜಿಬಿ ಆಯಿತು, ತೆರೆಯಲು ಊಟ ಮುಗಿಸಿ ಬರುವಷ್ಟು ಹೊತ್ತು. ಇಂಟೆಲ್ ಪ್ರೊಸೆಸರ್‌ನ ಎಲ್‌ಬಿಆರ್ (ಕೊನೆಯ ಕೆಲವು ಜಿಗಿತಗಳನ್ನು ಪ್ರೊಸೆಸರೇ ದಾಖಲಿಸುವ) ವಿಧಾನ ಕೈ ಹಿಡಿಯಿತು. ಸ್ಟ್ಯಾಕ್ ಆಳ ಕಡಿಮೆ, ಆದರೆ ಅಸೆಂಬ್ಲಿಯೊಳಗೂ ಮುರಿಯುವುದಿಲ್ಲ. ಸೆಕೆಂಡಿಗೆ 99 ಸ್ಯಾಂಪಲ್ ಇಟ್ಟೆ. 100 ಇಟ್ಟರೆ ಪ್ರೋಗ್ರಾಮಿನ ಬೇರೆ ಲಯದ ಜೊತೆ ತಾಳ ಕೂಡಿಬಿಡಬಹುದು. ನೋಡಲು ಹಾಟ್‌ಸ್ಪಾಟ್ ಅನ್ನೋ ಪ್ರೋಗ್ರಾಮ್, ಹಂಚಿಕೊಳ್ಳಲು ಬ್ರೆಂಡನ್ ಗ್ರೆಗ್ ಅವರ ಫ್ಲೇಮ್ ಗ್ರಾಫ್ (ಪಟ್ಟಿ ಅಗಲವಾದಷ್ಟೂ ಸಮಯ ಹೆಚ್ಚು) ಸ್ಕ್ರಿಪ್ಟ್.

ಅವತ್ತಿನ ಆ ಚಿತ್ರ ಇನ್ನೂ ಕಣ್ಣ ಮುಂದಿದೆ. ಎಡಗಡೆ ಡಿಕೋಡರ್, ಗ್ರಾಫಿನ ಅರ್ಧಕ್ಕಿಂತ ಕಡಿಮೆ. ಬಲಗಡೆ ಎರಡು ಅಗಲ ಪಟ್ಟಿ. ಒಂದು ಸ್ವಸ್ಕೇಲ್ (ಬಣ್ಣ, ಸೈಜು ಬದಲಿಸುವ ಎಫ್‌ಎಫ್‌ಎಂಪೆಗ್ ಲೈಬ್ರರಿ), ಇನ್ನೊಂದು ಮೆಮ್‌ಮೂವ್ (ಮೆಮೊರಿ ನಕಲು). ವೈಯುವಿಯಲ್ಲಿ (ಬೆಳಕು ಬೇರೆ, ಬಣ್ಣ ಬೇರೆ) ಬಂದ ಫ್ರೇಮನ್ನು ಬಿಜಿಆರ್ (ನೀಲಿ, ಹಸಿರು, ಕೆಂಪು) ಮಾಡು, ಅದನ್ನು ನಕಲು ಮಾಡು, ಆಮೇಲೆ ಬೂದು ಮಾಡು, ಆಮೇಲೆ ಚಿಕ್ಕದು ಮಾಡು. ಓಪನ್‌ಸಿವಿ ಅನ್ನೋ ಲೈಬ್ರರಿ ಮೂಲಕ ಫ್ರೇಮ್ ತೆಗೆಯುತ್ತಿದ್ದೆನಲ್ಲ, ಅದು ಬಿಜಿಆರ್ ಆಗಿಯೇ ಕೊಡುತ್ತದೆ. ಬೂದು ಚಿತ್ರ ಮೊದಲೇ ವೈ ಪ್ಲೇನ್‌ನಲ್ಲಿ (ಬೆಳಕಿನ ಪದರದಲ್ಲಿ) ಸಿದ್ಧವಾಗಿ ಕೂತಿತ್ತು! 1080ರ ಒಂದು ಫ್ರೇಮ್‌ಗೆ ವೈ ಪ್ಲೇನ್ ಸುಮಾರು 20 ಲಕ್ಷ ಬೈಟ್, ಬಿಜಿಆರ್ 62 ಲಕ್ಷ. ಅದನ್ನು ಬರೆದು, ಓದಿ, ಮತ್ತೆ ಬರೆದು, ಮತ್ತೆ ಓದುತ್ತಿದ್ದೆ.

ಓಪನ್‌ಸಿವಿ ತೆಗೆದು ಎಫ್‌ಎಫ್‌ಎಂಪೆಗ್‌ನ ಡಿಕೋಡರ್ ಲೈಬ್ರರಿ ಲಿಬ್‌ಎವಿಕೋಡೆಕ್ ನೇರವಾಗಿ ಕರೆದೆ. ವೈ ಪ್ಲೇನ್‌ನಿಂದಲೇ ಚೌಕ ಚೌಕವಾಗಿ ಸರಾಸರಿ ತೆಗೆದು ಚಿಕ್ಕ ಚಿತ್ರ ಮಾಡುವ ರೂಟೀನ್ ಬರೆದೆ, ಎವಿಎಕ್ಸ್2ನಲ್ಲಿ ಎಪ್ಪತ್ತು ಎಂಬತ್ತು ಸಾಲು. ಡಿಕೋಡರ್ ಬರೆದ ಸಾಲುಗಳು ಕ್ಯಾಷ್‌ನಲ್ಲಿ (ಪ್ರೊಸೆಸರ್ ಪಕ್ಕದ ವೇಗದ ಮೆಮೊರಿಯಲ್ಲಿ) ಬೆಚ್ಚಗಿರುವಾಗಲೇ ಅದು ಓದುವಂತೆ ಮಾಡಿದ್ದೇನೆ. ಹೇಗೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ. ಲಿಬ್‌ಎವಿಕೋಡೆಕ್ ಹೆಡರ್ ಫೈಲ್‌ಗಳನ್ನು ಗಮನ ಇಟ್ಟು ಓದಿದವರಿಗೆ ಸಿಗುತ್ತದೆ.

ವೇಗ ಒಮ್ಮೆಗೇ 190ರ ಹತ್ತಿರ. ಖುಷಿಯಲ್ಲಿ ಎಲ್ಲರಿಗೂ ಹೇಳಿಬಿಟ್ಟೆ. ಮರುದಿನವೇ ಬೆರಳಚ್ಚು ಹೊಂದುತ್ತಿಲ್ಲ ಅಂತ ದೂರು. ಕೆಲವು ಮೊಬೈಲ್ ವಿಡಿಯೋಗಳಲ್ಲಿ ವೈ ಬೆಲೆ 0ಯಿಂದ 255, ಉಳಿದವುಗಳಲ್ಲಿ 16ರಿಂದ 235. ಇಷ್ಟು ದಿನ ಸ್ವಸ್ಕೇಲ್ ಅದನ್ನು ಸರಿಮಾಡಿ ಕೊಡುತ್ತಿತ್ತು. ಅದನ್ನು ತೆಗೆದಾಗ ಆ ಕೆಲಸವೂ ಹೋಯಿತು. 10 ಬಿಟ್ ವಿಡಿಯೋಗಳಲ್ಲಂತೂ ಒಂದು ಪಿಕ್ಸೆಲ್‌ಗೆ ಎರಡು ಬೈಟ್, ಪೂರಾ ಕಸ. ಎರಡನ್ನೂ ಸರಿಪಡಿಸಿ, ಹಳೆಯ ದಾರಿ ಮತ್ತು ಹೊಸ ದಾರಿಯ ಬೆರಳಚ್ಚುಗಳನ್ನು ಸಾವಿರ ವಿಡಿಯೋ ಮೇಲೆ ಹೋಲಿಸಿದ ಮೇಲೆಯೇ ಮತ್ತೆ ಬಾಯಿಬಿಟ್ಟೆ.

ಇನ್ನೊಂದು ದೊಡ್ಡ ಲಾಭ ಥ್ರೆಡ್‌ನಿಂದ. ಪರ್ಫ್ ತೋರಿಸೋದು ಓಡುತ್ತಿರುವ ಕೋಡನ್ನು. ಸುಮ್ಮನೆ ಕಾಯುತ್ತಿರುವ ಥ್ರೆಡ್ ಅಲ್ಲಿ ಕಾಣುವುದಿಲ್ಲ. ಅದಕ್ಕೆ ಟ್ರೇಸಿ ಅನ್ನೋ ಪ್ರೊಫೈಲರ್ ಹಾಕಿದೆ. ಕೋಡಿನಲ್ಲಿ ಅಲ್ಲಲ್ಲಿ ಗುರುತು ಹಾಕುವ ಕಷ್ಟ ಇದೆ, ಆದರೆ ಥ್ರೆಡ್‌ಗೊಂದು ಸಾಲಿನಂತೆ ಸಮಯ ಕಣ್ಣಿಗೆ ಕಾಣುತ್ತದೆ. ಒಂದು ವಿಡಿಯೋಗೆ 16 ಥ್ರೆಡ್ ಕೊಟ್ಟಿದ್ದೆ. ಸಾಲುಗಳ ತುಂಬ ಖಾಲಿ ಜಾಗ, ಒಂದು ಫ್ರೇಮ್ ಇನ್ನೊಂದಕ್ಕೆ ಕಾಯುತ್ತಾ ಇತ್ತು. ವಿಡಿಯೋಗೆ ಒಂದೇ ಥ್ರೆಡ್, ಒಟ್ಟಿಗೆ 16 ವಿಡಿಯೋ ಅಂತ ಬದಲಿಸಿದೆ. 190 ಇದ್ದದ್ದು 260 ದಾಟಿತು. ಒಂದೊಂದು ವಿಡಿಯೋ ಮುಗಿಯೋದು ತಡ, ನನಗೆ ಬೇಕಾದದ್ದು ಒಟ್ಟು ಮೊತ್ತ.

ನಡುವೆ ಮಾಡಿದ ಕೆಲವು ಪ್ರಯೋಗಗಳನ್ನೂ ಹೇಳುತ್ತೇನೆ. ಬಣ್ಣ ಬೇಡವಲ್ಲ ಅಂತ ಎಫ್‌ಎಫ್‌ಎಂಪೆಗ್‌ನ ಗ್ರೇ ಆಯ್ಕೆ ಸೇರಿಸಿ ಬಿಲ್ಡ್ ಮಾಡಿದೆ, ನೆನಪಿರುವಂತೆ ಶೇಕಡಾ ಆರೇಳು ಸಿಕ್ಕಿತು. ಲೂಪ್ ಫಿಲ್ಟರ್ (ಚೌಕಗಳ ಅಂಚು ನಯ ಮಾಡುವ ಹಂತ) ಪೂರ್ತಿ ಬಿಟ್ಟರೆ ವೇಗ ಚೆನ್ನಾಗಿ ಏರುತ್ತದೆ, ಆದರೆ ಆ ಫ್ರೇಮ್ ಆಧರಿಸಿದ ಮುಂದಿನ ಫ್ರೇಮ್‌ಗಳಲ್ಲಿ ತಪ್ಪು ಬೆಳೆಯುತ್ತಾ ಹೋಗುತ್ತದೆ. ಯಾರೂ ಆಧರಿಸದ ಫ್ರೇಮ್‌ಗಳಲ್ಲಿ ಮಾತ್ರ ಬಿಟ್ಟೆ, ತೊಂದರೆ ಇಲ್ಲ. ಎವಿ1ನಲ್ಲಿ ಫಿಲ್ಮ್ ಗ್ರೇನ್ ಆಫ್ ಮಾಡಿ. ಅದು ಡಿಕೋಡ್ ಆದ ಮೇಲೆ ಸೇರಿಸುವ ಕಣಕಣದ ಪದರ, ಬೇರೆ ಫ್ರೇಮ್‌ಗಳಿಗೆ ತಾಗುವುದಿಲ್ಲ, ಬೆರಳಚ್ಚಿಗೂ ಅದಿಲ್ಲದಿದ್ದರೇ ಒಳ್ಳೇದು. ದಿನವಿಡೀ ಓಡಿದರೆ ಮೆಮೊರಿ ಏರುತ್ತಿತ್ತು. ಮೆಮೊರಿ ಬಳಕೆ ಹಿಂಬಾಲಿಸುವ ಹೀಪ್‌ಟ್ರ್ಯಾಕ್ ಹತ್ತು ನಿಮಿಷದಲ್ಲಿ ಜಾಗ ತೋರಿಸಿತು, ದೋಷದ ದಾರಿಯಲ್ಲಿ ಒಂದು ಪ್ಯಾಕೆಟ್ ಬಿಡುಗಡೆ ಆಗುತ್ತಿರಲಿಲ್ಲ.

ಜಿಪಿಯು ಪ್ರಯತ್ನಿಸಲಿಲ್ಲವೇ ಅಂತ ಕೇಳುವವರಿಗೆ: ಪ್ರಯತ್ನಿಸಿದೆ. ಒಂದು ವಾರ ಬಾಡಿಗೆಗೆ ತಂದೆ, ದರ ನಾಲ್ಕು ಪಟ್ಟು. ಡಿಕೋಡ್ ಚೆನ್ನಾಗಿ ಆಗುತ್ತದೆ. ಆದರೆ ಫ್ರೇಮನ್ನು ಮುಖ್ಯ ಮೆಮೊರಿಗೆ ಇಳಿಸಿಕೊಳ್ಳುವಲ್ಲಿ ಗಳಿಕೆ ಸೋರಿತು. ಬೆರಳಚ್ಚನ್ನೂ ಅಲ್ಲೇ ಬರೆದಿದ್ದರೆ ಲೆಕ್ಕ ಬೇರೆ ಆಗುತ್ತಿತ್ತೇನೋ. ನನ್ನ ಕೋಡಿಗೆ, ನನ್ನ ಹಣಕ್ಕೆ ಅದು ಹೊಂದಲಿಲ್ಲ.

ಈಗ ಒಂದು ಸರ್ವರ್ ಗಂಟೆಗೆ 290 ಗಂಟೆಯ ವಿಡಿಯೋ ಮುಗಿಸುತ್ತದೆ, ಹೆಚ್ಚು ಕಡಿಮೆ. ಅಳೆಯಲು ಬಾಡಿಗೆಗೆ ತಂದ ಪೂರ್ತಿ ಯಂತ್ರದ ಖರ್ಚು, ಮರೆತ ಮೂರು ದಿನ, ಜಿಪಿಯು ವಾರ ಎಲ್ಲ ಸೇರಿಸಿದರೂ ನಾಲ್ಕು ಸರ್ವರ್‌ಗಳ ಎರಡು ತಿಂಗಳ ಬಾಡಿಗೆಯಲ್ಲಿ ತೀರುತ್ತದೆ. ಮೊನ್ನೆ ಮತ್ತೆ ಫ್ಲೇಮ್ ಗ್ರಾಫ್ ತೆಗೆದೆ. ಬಲಗಡೆಯ ಎರಡು ಪಟ್ಟಿಗಳು ಕೂದಲೆಳೆಯಷ್ಟಾಗಿವೆ. ಈಗ ಎಲ್ಲಕ್ಕಿಂತ ಅಗಲವಾಗಿರುವುದು ಕ್ಯಾಬ್ಯಾಕ್. ಆ ತಿಂಗಳು ಬರೆದಿಟ್ಟ ಎರಡು ಮೂರು ಪರ್ಸೆಂಟ್‌ನ ಪ್ಯಾಚ್ ಇನ್ನೂ ನನ್ನ ಬಳಿ ಇದೆ, ಈ ವಾರ ಅದನ್ನು ಹೊರತೆಗೆಯುತ್ತಿದ್ದೇನೆ.