ಅಮೆರಿಕದ ಸರ್ಕಾರಿ ವಸತಿಯಲ್ಲಿ ನಾಯಿ, ಬೆಕ್ಕು: ಸಂತಾನಹರಣ ಆಪರೇಷನ್ ನಿಯಮ ಮತ್ತು ಕಾಗದಪತ್ರ

ಅಮೆರಿಕದ ಪಬ್ಲಿಕ್ ಹೌಸಿಂಗ್‌ನಲ್ಲಿ, ಅಂದರೆ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಮನೆಗಳಲ್ಲಿ, ನಾಯಿ ಬೆಕ್ಕು ಸಾಕಲು ಕಾನೂನು ಅವಕಾಶ ಕೊಡುತ್ತದೆ. ಅವಕ್ಕೆ ಸಂತಾನಹರಣ ಆಪರೇಷನ್ ಆಗಿರಲೇಬೇಕೆಂದು ಕೇಂದ್ರದ ವಸತಿ ಇಲಾಖೆ ‘ಹಡ್’ ಕಡ್ಡಾಯ ಮಾಡಿಲ್ಲ. ಕಡ್ಡಾಯ ಮಾಡುವ ಅಧಿಕಾರವನ್ನು ಆಯಾ ಊರಿನ ಹೌಸಿಂಗ್ ಅಥಾರಿಟಿಗೆ ಬಿಟ್ಟಿದೆ. ಹೀಗಾಗಿ ಡಲ್ಲಾಸ್‌ನಲ್ಲಿರುವ ಬೀದರಿನ ಗೆಳೆಯರು ಹೇಳಿದ ನಿಯಮ ಶಿಕಾಗೋದ ನಿಮ್ಮ ಮನೆಗೆ ಹೊಂದಲಿಕ್ಕಿಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ‘ಪೆಟ್ ಪಾಲಿಸಿ’ಯನ್ನು ಬರಹದಲ್ಲಿ ಕೇಳಿ ಪಡೆಯಿರಿ. ನಾಯಿ ಬೊಗಳದಂತೆ ಅದರ ಧ್ವನಿತಂತು ತೆಗೆಸಿರಿ ಎಂದು ಮಾತ್ರ ಯಾವ ಅಥಾರಿಟಿಯೂ ಹೇಳುವಂತಿಲ್ಲ.

ಈ ಮನೆಗಳು ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದವರಿಗೆ ಸಿಗುವುದಿಲ್ಲ. ಪೌರತ್ವ ಪಡೆದವರು, ಗ್ರೀನ್ ಕಾರ್ಡ್ ಇರುವವರು ಅರ್ಜಿ ಹಾಕಬಹುದು. ಮಕ್ಕಳ ಹತ್ತಿರ ಹೋಗಿ ನೆಲೆಸಿದ ನಮ್ಮ ಕಡೆಯ ತಂದೆತಾಯಿಗಳಿಗೆ ಇದು ಸಂಬಂಧಿಸಿದ ವಿಷಯ. ಸೆಕ್ಷನ್ 8 ವೋಚರ್, ಅಂದರೆ ಸರ್ಕಾರದ ಬಾಡಿಗೆ ನೆರವಿನ ಮೇಲೆ ಖಾಸಗಿ ಮನೆ ಹಿಡಿದವರಿಗೆ ಹಡ್‌ನ ಈ ಪೆಟ್ ನಿಯಮ ಅನ್ವಯಿಸುವುದಿಲ್ಲ, ಅಲ್ಲಿ ಮಾಲೀಕರ ಮಾತೇ ಅಂತಿಮ. ಅಂಗವೈಕಲ್ಯಕ್ಕೆ ನೆರವಾಗುವ ಸಹಾಯಕ ಪ್ರಾಣಿ ಕಾನೂನಿನ ಕಣ್ಣಲ್ಲಿ ಪೆಟ್ ಅಲ್ಲವೇ ಅಲ್ಲ. ಅದಕ್ಕೆ ಪೆಟ್ ಡಿಪಾಸಿಟ್ ಕೇಳಿದರೆ ಕೊಡಬೇಕಿಲ್ಲ.

ನ್ಯೂಯಾರ್ಕ್ ನಗರದ ಅಥಾರಿಟಿಯಲ್ಲಿ ಮನೆಗೆ ಒಂದೇ ನಾಯಿ ಅಥವಾ ಬೆಕ್ಕು, ಅದಕ್ಕೂ ಆಪರೇಷನ್ ಆಗಿರಬೇಕು. ನಾಯಿ ಬೆಳೆದ ಮೇಲೂ 25 ಪೌಂಡ್, ಅಂದರೆ 11 ಕೆಜಿ ಚಿಲ್ಲರೆ ಮೀರಬಾರದು. ಮುಧೋಳ ನಾಯಿಗೆ ಅಲ್ಲಿ ಅವಕಾಶವಿಲ್ಲ, ಪಮೇರಿಯನ್ ಆದರೆ ತೊಂದರೆಯಿಲ್ಲ. ಅದೇ ನಗರದಲ್ಲಿ ಆಪರೇಷನ್ ಆದ ನಾಯಿಯ ವಾರ್ಷಿಕ ಲೈಸೆನ್ಸ್ 8.50 ಡಾಲರ್, ಆಗದ್ದಕ್ಕೆ 34 ಡಾಲರ್.

ಹೆಚ್ಚಿನ ತೊಡಕು ಇರುವುದು ಸರ್ಟಿಫಿಕೇಟಿನಲ್ಲಿ. ‘ನಾಯಿಗೆ ಆಪರೇಷನ್ ಮಾಡಲಾಗಿದೆ’ ಎಂದು ಚೀಟಿ ಬರೆಸಿಕೊಂಡು ಹೋದರೆ ಆಫೀಸಿನಲ್ಲಿ ನಿಲ್ಲುವುದಿಲ್ಲ. ಪ್ರಾಣಿಯ ಹೆಸರು, ತಳಿ, ಬಣ್ಣ, ಲಿಂಗ, ಹುಟ್ಟಿದ ದಿನ, ಚರ್ಮದಡಿ ಹಾಕುವ ಗುರುತಿನ ಮೈಕ್ರೋಚಿಪ್ ಸಂಖ್ಯೆ, ಆಪರೇಷನ್ ತಾರೀಖು, ಡಾಕ್ಟರ ನೋಂದಣಿ ಸಂಖ್ಯೆ, ಸಹಿ, ಮೊಹರು ಎಲ್ಲ ಇಂಗ್ಲಿಷಿನಲ್ಲಿರಲಿ. ಕಾಗದ ಕಳೆದರೆ ಗಂಡು ನಾಯಿಯನ್ನು ಡಾಕ್ಟರು ಕೈಮುಟ್ಟಿ ನೋಡಿ ಬರೆದುಕೊಡಬಹುದು. ಹೆಣ್ಣು ನಾಯಿಯದೇ ಕಷ್ಟ. ಗಾಯದ ಗುರುತು ಕೂದಲಲ್ಲಿ ಮರೆಯಾಗಿರುತ್ತದೆ, ಅಮೆರಿಕದ ಡಾಕ್ಟರು ಹೊಟ್ಟೆಯ ಮೇಲೆ ಹಾಕುವ ಸಣ್ಣ ಹಸಿರು ಹಚ್ಚೆ ನಮ್ಮಲ್ಲಿ ಆದ ಆಪರೇಷನ್ನಿಗೆ ಸಾಮಾನ್ಯವಾಗಿ ಇರುವುದಿಲ್ಲ. ಆಗ ಅಂಡಾಶಯದ ಹಾರ್ಮೋನ್ ಇದೆಯೇ ಎಂದು ನೋಡುವ ಎಎಂಎಚ್ ಎಂಬ ರಕ್ತಪರೀಕ್ಷೆಗೆ ಹಣ ತೆರಬೇಕಾಗುತ್ತದೆ. ಬೀದಿಯಿಂದ ತಂದು ಸಾಕಿದ ನಾಯಿಯ ಕಿವಿಯಲ್ಲಿ ಬೀದಿನಾಯಿಗಳ ಸಂತಾನಹರಣದ ಎಬಿಸಿ ಯೋಜನೆಯವರು ಹಾಕಿದ ಕತ್ತರಿ ಗುರುತು ಇದ್ದರೂ ಅದೊಂದೇ ದಾಖಲೆ ಆಗದು.

ಊರಿನಿಂದ ನಾಯಿ ಒಯ್ಯುವವರು ಆಪರೇಷನ್ ಇಲ್ಲೇ ಮಾಡಿಸುವುದು ಒಳ್ಳೆಯದು. ಬೀದರಿನ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿರಿ. ಕ್ರಮ ತಪ್ಪಬಾರದು: ಮೊದಲು ಚಿಪ್, ಆಮೇಲೆ ರೇಬಿಸ್ ಲಸಿಕೆ. ಚಿಪ್‌ಗೆ ಮೊದಲು ಹಾಕಿದ ಲಸಿಕೆಯನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಲೆಕ್ಕಕ್ಕೆ ಹಿಡಿಯುವುದಿಲ್ಲ. 2024ರ ಆಗಸ್ಟ್ 1ರಿಂದ ಜಾರಿಯಾದ ನಿಯಮದಂತೆ, ಅಮೆರಿಕಕ್ಕೆ ಒಯ್ಯುವ ನಾಯಿಗೆ 6 ತಿಂಗಳು ತುಂಬಿರಬೇಕು. ಭಾರತ ರೇಬಿಸ್ ಅಪಾಯ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿರುವುದರಿಂದ ಮೊದಲ ಲಸಿಕೆಯಾಗಿ 30 ದಿನ ಕಳೆದ ಮೇಲೆ, ಪ್ರವೇಶಕ್ಕೆ ಕನಿಷ್ಠ 28 ದಿನ ಮುಂಚೆ ರಕ್ತ ತೆಗೆಸಿ, ಸಿಡಿಸಿ ಒಪ್ಪಿದ ಲ್ಯಾಬಿನಲ್ಲಿ ಪರೀಕ್ಷಿಸಿದ ಟೈಟರ್ ವರದಿ, ಅಂದರೆ ಲಸಿಕೆ ಹಿಡಿದಿದೆ ಎಂದು ತೋರಿಸುವ ವರದಿ ಬೇಕು. ಇಲ್ಲದಿದ್ದರೆ ಅಲ್ಲಿಳಿದ ಮೇಲೆ 28 ದಿನ ಕ್ವಾರಂಟೈನ್, ಅದರ ಖರ್ಚು ನಿಮ್ಮದೇ.

ಅಲ್ಲಿಯೇ ಮಾಡಿಸುವುದಾದರೆ ಖಾಸಗಿ ಕ್ಲಿನಿಕ್ಕಿಗೆ ಓಡಬೇಡಿರಿ. ಸ್ನ್ಯಾಪ್ (ಸರ್ಕಾರದ ಆಹಾರ ನೆರವು), ಮೆಡಿಕೇಡ್ (ಕಡಿಮೆ ಆದಾಯದವರ ಆರೋಗ್ಯ ವಿಮೆ) ಅಥವಾ ಹೌಸಿಂಗ್ ಪತ್ರ ತೋರಿಸಿದವರಿಗೆ ಕಡಿಮೆ ದರದಲ್ಲಿ ಮಾಡುವ ಕ್ಲಿನಿಕ್‌ಗಳಿವೆ. ಸರದಿ ಉದ್ದ ಇರಬಹುದು, ಆದ್ದರಿಂದ ಮನೆ ಸಿಗುವ ಮುಂಚೆಯೇ ಹೆಸರು ಬರೆಸಿ, ಅಪಾಯಿಂಟ್‌ಮೆಂಟ್ ಪತ್ರವನ್ನು ಆಫೀಸಿಗೆ ತೋರಿಸಿ ಗಡುವು ಕೇಳಿರಿ. ಹೆಣ್ಣು ಬೆದೆಗೆ ಬಂದಾಗ ರಕ್ತಸ್ರಾವ ಹೆಚ್ಚಾಗುವುದರಿಂದ ಆಪರೇಷನ್ ಮುಂದೂಡಬಹುದು, ಇಲ್ಲವೇ ದರ ಏರಿಸಬಹುದು. ಕೊರಳಿಗೆ ಹಾಕಿದ ಕೋನನ್ನು 10ರಿಂದ 14 ದಿನ ತೆಗೆಯಬೇಡಿರಿ, ಸ್ನಾನವೂ ಬೇಡ. ನೆಕ್ಕಿದರೆ ಹೊಲಿಗೆ ಬಿಚ್ಚುತ್ತದೆ. ಗಂಡು ನಾಯಿ ಆಪರೇಷನ್ ಆದ ಮೇಲೂ ಕೆಲವು ವಾರ ಮರಿ ಹುಟ್ಟಿಸಬಲ್ಲದು, ಹೆಣ್ಣಿನಿಂದ ದೂರವಿಡಿರಿ. ಹೃದ್ರೋಗ ಅಥವಾ ವಯಸ್ಸಿನ ಕಾರಣ ಅರಿವಳಿಕೆ ಅಪಾಯವೆಂದಾದರೆ, ಡಾಕ್ಟರಿಂದ ಕಾರಣಸಹಿತ ಪತ್ರ ತಂದು ವಿನಾಯಿತಿ ಕೇಳಿರಿ.

ಮನೆಯಿಲ್ಲದವರ ಅಥವಾ ಗಂಡನ ಹಿಂಸೆ ತಾಳದೆ ಹೊರಬಂದ ಹೆಣ್ಣುಮಕ್ಕಳ ಶೆಲ್ಟರುಗಳಿಗೆ ಒಂದೇ ದೇಶವ್ಯಾಪಿ ನಿಯಮವಿಲ್ಲ. ಆಪರೇಷನ್ ಆಗಿಲ್ಲವೆಂಬ ಅಂಜಿಕೆಯಿಂದ ಹಿಂಸೆಯ ಮನೆಯಲ್ಲೇ ಉಳಿಯಬೇಡಿ, ತಾಯಿ. ಪ್ರಾಣಿಯನ್ನು ತಾತ್ಕಾಲಿಕವಾಗಿ ಬೇರೆಯವರ ಮನೆಯಲ್ಲಿ ಇರಿಸುವ ಏರ್ಪಾಡು ಇದೆಯೇ ಎಂದು ಮೊದಲ ಫೋನಿನಲ್ಲೇ ಕೇಳಿರಿ.

ಹಡ್ ನೆರವಿನ ವೃದ್ಧರ, ಅಂಗವಿಕಲರ ಕಟ್ಟಡಗಳಲ್ಲಿ ಪೆಟ್ ನೋಂದಣಿ ಪ್ರತಿವರ್ಷ ಹೊಸದಾಗುತ್ತದೆ. ನೀವು ಆಸ್ಪತ್ರೆ ಸೇರಿದರೆ ಪ್ರಾಣಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನೂ ಬರೆದುಕೊಡಬೇಕು. ನಿಯಮ ಮುರಿದಿರಿ ಎಂದು ನೋಟಿಸ್ ಬಂದರೆ 10 ದಿನದೊಳಗೆ ಸರಿಪಡಿಸಬೇಕು, ಇಲ್ಲವೇ ಸಭೆ ಕೇಳಿ ಲಿಖಿತವಾಗಿ ಉತ್ತರಿಸಬೇಕು. ಬಾಯಿಮಾತಿನ ಉತ್ತರ ಲೆಕ್ಕಕ್ಕಿಲ್ಲ. ಸಭೆಗೆ ನಿಮಗೆ ಬೇಕಾದವರನ್ನು ಜೊತೆಗೆ ಕರೆದೊಯ್ಯುವ ಹಕ್ಕು ಇದೆ. ಇಂಗ್ಲಿಷ್ ಚೆನ್ನಾಗಿ ಬರುವ ಮಗಳನ್ನೋ ಪರಿಚಯದವರನ್ನೋ ಕರೆದುಕೊಂಡು, ಸರ್ಟಿಫಿಕೇಟಿನ ಎರಡು ಪ್ರತಿ ಹಿಡಿದು ಹೋಗಿರಿ.